ಆರ್ಥೋಪೆಡಿಕ್ಸ್ ಪಿಜಿ ಸೇರುವ ಹುಡುಗಿಯರು ವಿಭಾಗದಲ್ಲಿ ಏನು ಕೇಳಬೇಕು, ಏನು ನೋಡಬೇಕು?

ಪ್ರಶ್ನೆ: ಇಂಟರ್ನ್, ದಾವಣಗೆರೆ

ಎಂ.ಎಸ್. ಆರ್ಥೋ (ಮೂಳೆ-ಕೀಲು ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ಕೋರ್ಸ್, ಅಂದರೆ ಪಿಜಿ) ಸಿಗುವ ರ‍್ಯಾಂಕ್ ಇದ್ದರೂ ಹುಡುಗಿಯರಿಗೆ ಹೇಳುವುದು ಮೂರೇ ಮಾತು: ಅದಕ್ಕೆ ತೋಳ್ಬಲ ಬೇಕು, ಸಿ-ಆರ್ಮ್ (ಆಪರೇಷನ್ ನಡುವೆ ಬಳಸುವ ಎಕ್ಸ್-ರೇ ಯಂತ್ರ) ರೇಡಿಯೇಶನ್ ಒಳ್ಳೆಯದಲ್ಲ, ಮಧ್ಯೆ ಬಸುರಾದರೆ ಕೋರ್ಸ್ ಹಾಳು. ಒಬಿಜಿ (ಹೆರಿಗೆ-ಸ್ತ್ರೀರೋಗ) ತಗೋ, ಡರ್ಮಾ (ಚರ್ಮರೋಗ) ತಗೋ ಅನ್ನುವವರೇ ಜಾಸ್ತಿ. ಇದರಲ್ಲಿ ನಿಜವೆಷ್ಟು? ಕೌನ್ಸೆಲಿಂಗ್‌ಗೆ ಮೊದಲು ಒಂದು ವಿಭಾಗಕ್ಕೆ ಹೋಗಿ ಬರುವುದಾದರೆ ಏನನ್ನು ಗಮನಿಸಬೇಕು? ಧೈರ್ಯದ ಮಾತು ಬೇಡ, ವಿವರ ಬೇಕು.

ಉತ್ತರ: ಟ್ರಾಮಾ ಸರ್ಜನ್, ಹುಬ್ಬಳ್ಳಿ

ತೋಳ್ಬಲದ ವಿಷಯ ಮೊದಲು. ಹಿಂದಕ್ಕೆ ಜಾರಿದ ಸೊಂಟದ ಕೀಲನ್ನು ಕೂರಿಸುವಾಗ ಅಡ್ಡ ಬರುವುದು ಸ್ನಾಯುಗಳ ಸೆಟೆತ. ಅರಿವಳಿಕೆ ಸಾಲದಿದ್ದರೆ ಇಬ್ಬರು ಗಟ್ಟಿ ಆಳುಗಳು ಎಳೆದರೂ ಕೂರುವುದಿಲ್ಲ. ಕ್ಯಾಪ್ಟನ್ ಮಾರ್ಗನ್ ವಿಧಾನ ಕಲಿಯಿರಿ. ಎಕ್ಸ್-ರೇಯಲ್ಲಿ ತೊಡೆಮೂಳೆಯ ಕತ್ತು ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡು, ರೋಗಿಯನ್ನು ಅಂಗಾತ ಮಲಗಿಸಿ, ಸೊಂಟವನ್ನು ಮಂಚಕ್ಕೆ ಪಟ್ಟಿಯಿಂದ ಬಿಗಿದು, ಸೊಂಟದ ಕೀಲು, ಮಂಡಿ ಎರಡನ್ನೂ 90 ಡಿಗ್ರಿ ಮಡಿಸಿ. ನಿಮ್ಮ ಪಾದ ಮಂಚದ ಮೇಲೆ, ನಿಮ್ಮ ಮಂಡಿ ರೋಗಿಯ ಮಂಡಿಯ ಹಿಂಬದಿಯ ಕೆಳಗೆ. ಈಗ ನಿಮ್ಮ ಹಿಮ್ಮಡಿ ಎತ್ತಿ. ಕೆಲಸ ಮಾಡುವುದು ಮೀನಖಂಡ, ತೋಳಲ್ಲ. ರೋಗಿಯ ಕಣಕಾಲನ್ನು ಜೋರಾಗಿ ಕೆಳಗೊತ್ತಿದರೆ ಮಂಡಿಯ ಲಿಗಮೆಂಟಿಗೆ ಪೆಟ್ಟಾಗುತ್ತದೆ, ಅಲ್ಲಿ ಎಚ್ಚರ.

ನಿಜವಾದ ತೊಡಕು ಸಲಕರಣೆಯಲ್ಲಿದೆ. ಸ್ಟೋರ್‌ನಲ್ಲಿ 6 ಮತ್ತು 6½ ನಂಬರಿನ ಗ್ಲೌಸ್ ಇದೆಯೇ ಕೇಳಿ. ಇಂಡೆಂಟ್‌ನಲ್ಲಿ (ಸಾಮಾನು ತರಿಸುವ ಪಟ್ಟಿ) ಬರೀ 7, 7½ ಬರೆಯುವ ವಿಭಾಗಗಳಿವೆ. ಸಡಿಲವಾದ ಬೆರಳ ತುದಿ ತಿರುಗುವ ಕೆ-ವೈರ್‌ಗೆ (ಮೂಳೆಗೆ ಕೊರೆದು ಹಾಕುವ ಸಣ್ಣ ತಂತಿ) ಸುತ್ತಿಕೊಳ್ಳುತ್ತದೆ. ಟೇಬಲ್ ಎತ್ತರವನ್ನು ಮುಖ್ಯ ಸರ್ಜನ್‌ಗೆ ಹೊಂದಿಸಿರುತ್ತಾರೆ. ಎದುರು ನಿಂತ ಐದಡಿಯ ರೆಸಿಡೆಂಟ್ ಭುಜ ಎತ್ತಿಕೊಂಡೇ ಮೂರು ಗಂಟೆ ರಿಟ್ರಾಕ್ಟರ್ (ಗಾಯವನ್ನು ತೆರೆದಿಡುವ ಸಲಕರಣೆ) ಹಿಡಿಯಬೇಕು. ಟೇಬಲ್ ಮೊಣಕೈಗಿಂತ ತುಸು ಕೆಳಗೆ ಬರುವಷ್ಟು ಎತ್ತರದ, ಅಲುಗಾಡದ ಅಗಲ ಮೆಟ್ಟಿಲು ಓಟಿಯಲ್ಲಿ (ಆಪರೇಷನ್ ಕೋಣೆ) ಇರಲೇಬೇಕು. ಇನ್ನು ಕಾಲು ಹಿಡಿಯುವುದು: 80 ಕಿಲೋ ರೋಗಿಯ ಒಂದು ಕಾಲೇ ಸುಮಾರು 13 ಕಿಲೋ. ಡ್ರೇಪಿಂಗ್ (ಶುದ್ಧ ಬಟ್ಟೆ ಹೊದಿಸುವುದು) ಮುಗಿಯುವವರೆಗೆ ಅದನ್ನು ಯಾರ ಕೈಗೂ ಕೊಡಬಾರದು, ಲೆಗ್ ಹೋಲ್ಡರ್ ಇರುವುದು ಅದಕ್ಕೇ.

ಉತ್ತರ: ರೇಡಿಯೇಶನ್ ಸೇಫ್ಟಿ, ಬೆಂಗಳೂರು

ಎಕ್ಸ್-ರೇ ತಡೆಯಲು ಧರಿಸುವ ಏಪ್ರನ್‌ಗಳ ಸ್ಟ್ಯಾಂಡ್ ಬಳಿ ಹೋಗಿ ನೋಡಿ. ಇರುವುದೆಲ್ಲ ಎಕ್ಸ್ಎಲ್ ಆದರೆ ಅದು ಸಣ್ಣ ವಿಷಯವಲ್ಲ. ದೊಡ್ಡ ಏಪ್ರನ್‌ನ ತೋಳ ಕಂಡಿ ಬಾಯಿ ಬಿಡುತ್ತದೆ. ಡ್ರಿಲ್ ಹಿಡಿದು ಕೈ ಎತ್ತಿದಾಗ ಕಂಕುಳೂ ಸ್ತನದ ಹೊರ ಮೇಲ್ಭಾಗವೂ ಬಯಲಾಗುತ್ತವೆ. ಸ್ತನ ಕ್ಯಾನ್ಸರ್ ಹೆಚ್ಚಾಗಿ ಬರುವುದು ಅದೇ ಭಾಗದಲ್ಲಿ. ಅಮೆರಿಕದ ಮಹಿಳಾ ಆರ್ಥೋ ಸರ್ಜನ್‌ಗಳ ಸಮೀಕ್ಷೆಯಲ್ಲಿ ಇತರ ಮಹಿಳೆಯರಿಗಿಂತ ಸ್ತನ ಕ್ಯಾನ್ಸರ್ ಹೆಚ್ಚು ಕಂಡಿದೆ. ರೇಡಿಯೇಶನ್ನೇ ಕಾರಣವೆಂದು ಅದು ಸಾಬೀತು ಮಾಡಿಲ್ಲ, ಆದರೆ ಕಂಕುಳು ಮುಚ್ಚಿಕೊಳ್ಳಲು ಅಷ್ಟು ಕಾರಣ ಸಾಕು. ಕೇಳಬೇಕಾದದ್ದು: ಮೈಗೆ ಹೊಂದುವ ವೆಸ್ಟ್-ಸ್ಕರ್ಟ್ ಜೋಡಿ, ಕಂಕುಳ ರಕ್ಷಕ, ಥೈರಾಯ್ಡ್ ಶೀಲ್ಡ್. ಜೋಡಿಯಾದರೆ ಅರ್ಧ ಭಾರ ಸೊಂಟಕ್ಕೆ ಹೋಗಿ ಭುಜಕ್ಕೂ ಬಿಡುವು. ಏಪ್ರನ್ನನ್ನು ಮಡಿಸಿ ಎಸೆದಿದ್ದರೆ ಒಳಗೆ ಸೀಳು ಬಿಟ್ಟಿರುತ್ತದೆ, ಹೊರಗೆ ಕಾಣುವುದಿಲ್ಲ. ವರ್ಷಕ್ಕೊಮ್ಮೆ ಫ್ಲೋರೋಸ್ಕೋಪಿಯಲ್ಲಿ (ನೇರ ಎಕ್ಸ್-ರೇ ದೃಶ್ಯ) ಪರೀಕ್ಷಿಸುತ್ತಾರೆಯೇ ವಿಚಾರಿಸಿ.

ನಿಲ್ಲುವ ಜಾಗವೂ ಅಷ್ಟೇ ಮುಖ್ಯ. ಎಪಿ ವ್ಯೂನಲ್ಲಿ (ನೇರ ಚಿತ್ರ) ಕಿರಣ ಹೊರಡುವ ಟ್ಯೂಬ್ ಟೇಬಲ್ ಕೆಳಗಿರಲಿ. ಲ್ಯಾಟರಲ್‌ನಲ್ಲಿ (ಪಕ್ಕದ ಚಿತ್ರ) ಕಿರಣ ಹಿಡಿಯುವ ಡಿಟೆಕ್ಟರ್ ಬದಿಗೆ ನಿಲ್ಲಿ, ಏಕೆಂದರೆ ರೋಗಿಯ ಮೈಯಿಂದ ಕಿರಣ ಹೆಚ್ಚು ಚದುರುವುದು ಟ್ಯೂಬ್ ಬದಿಗೆ. ಒಂದು ಮೀಟರ್ ದೂರದಿಂದ ಎರಡಕ್ಕೆ ಸರಿದರೆ ಡೋಸ್ ಸುಮಾರು ಕಾಲು ಭಾಗಕ್ಕಿಳಿಯುತ್ತದೆ.

ಟಿಎಲ್‌ಡಿ ಬ್ಯಾಡ್ಜ್ (ಮೈಗೆ ತಗುಲಿದ ರೇಡಿಯೇಶನ್ ಅಳೆಯುವ ಬಿಲ್ಲೆ) ಪಿಜಿಗಳಿಗೂ ಅವರವರ ಹೆಸರಲ್ಲಿ ಇದೆಯೇ ಕೇಳಿ. ಹಲವು ಕಡೆ ರೇಡಿಯಾಲಜಿಯವರಿಗಷ್ಟೇ ಇರುತ್ತದೆ. ಎಇಆರ್‌ಬಿ (ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ಮಿತಿ 5 ವರ್ಷಕ್ಕೆ ಒಟ್ಟು 100 ಮಿಲಿಸೀವರ್ಟ್, ಯಾವ ಒಂದು ವರ್ಷವೂ 30 ಮೀರುವಂತಿಲ್ಲ. ಬಸುರಿ ಎಂದು ತಿಳಿಸಿದ ಮೇಲೆ ಉಳಿದ ತಿಂಗಳಿಗೆಲ್ಲ ಸೇರಿ ಭ್ರೂಣಕ್ಕೆ 1 ಮಿಲಿಸೀವರ್ಟ್. ಟಿಎಲ್‌ಡಿ ಲೆಕ್ಕ ಬರುವುದು ಮೂರು ತಿಂಗಳಿಗೊಮ್ಮೆ, ಬಸುರಿಗೆ ಅದು ತೀರಾ ತಡ. ಹಾಗಾಗಿ ಏಪ್ರನ್ ಒಳಗೆ ಹೊಟ್ಟೆಯ ಮಟ್ಟದಲ್ಲಿ ಧರಿಸಲು, ಅಲ್ಲೇ ಅಂಕಿ ತೋರಿಸುವ ಪಾಕೆಟ್ ಡೋಸಿಮೀಟರ್ ಕೇಳಿ ಪಡೆಯಬೇಕು.

ಪ್ರಶ್ನೆ ಕೇಳಿದವರು

ಧನ್ಯವಾದ ಸರ್, ಮೇಡಂ. ಬಸುರಿ ಅಂದ ಕೂಡಲೇ ಓಟಿಯಿಂದಲೇ ತೆಗೆದುಬಿಡುತ್ತಾರಂತೆ, ಹೌದೇ?

ಉತ್ತರ: ಅಸೋಸಿಯೇಟ್ ಪ್ರೊಫೆಸರ್, ಮೈಸೂರು

ಕಾಳಜಿಯಿಂದಲೇ ಹಾಗೆ ಮಾಡುತ್ತಾರೆ, ಆದರೆ ಲಾಗ್‌ಬುಕ್ (ಮಾಡಿದ ಕೇಸ್‌ಗಳ ದಾಖಲೆ) ಖಾಲಿ ಉಳಿಯುವುದು ಹುಡುಗಿಯದು. ರಜೆಗಿಂತ ದೊಡ್ಡ ನಷ್ಟ ಅದೇ. ತೆಗೆಯುವ ಬದಲು ಕೇಸ್ ಅದಲುಬದಲು ಮಾಡಿಕೊಡಿ ಎಂದು ಕೇಳಮ್ಮ: ಸಿ-ಆರ್ಮ್ ಹೆಚ್ಚು ಬೇಕಾದ ನೇಲಿಂಗ್ (ಮೂಳೆಯೊಳಗೆ ಸರಳು ಹಾಕುವುದು), ಸ್ಪೈನ್ ಸಹಪಾಠಿಗೆ; ಆರ್ತ್ರೋಸ್ಕೋಪಿ (ಕೀಲಿನೊಳಗೆ ಕ್ಯಾಮೆರಾ ಇಟ್ಟು ಮಾಡುವುದು), ಸ್ನಾಯುರಜ್ಜು ರಿಪೇರಿ, ಪೊನ್ಸೆಟಿ ಪ್ಲಾಸ್ಟರ್ (ಮಕ್ಕಳ ಸೊಟ್ಟ ಪಾದಕ್ಕೆ), ಮಂಡಿ ಬದಲಾವಣೆ ಬಸುರಿ ಪಿಜಿಗೆ. ಮಂಡಿ ಬದಲಾವಣೆಯಲ್ಲಿ ಬೋನ್ ಸಿಮೆಂಟ್ ಕಲಸುವಾಗ ಆವಿ ಏಳುತ್ತದೆ. ತೆರೆದ ಬಟ್ಟಲಲ್ಲಿ ಕಲಸದೆ ವ್ಯಾಕ್ಯೂಮ್ ಮಿಕ್ಸರ್ ಬಳಸಬೇಕು, ಅದಿಲ್ಲದಿದ್ದರೆ ಆ ಕೆಲವು ನಿಮಿಷ ಅವಳು ಹೊರಗಿರಲಿ.

ರಜೆಯ ಲೆಕ್ಕ: ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿ ನೌಕರಿಯಲ್ಲಿರುವ ಹೆಣ್ಣುಮಕ್ಕಳಿಗೆ ಮೊದಲೆರಡು ಹೆರಿಗೆಗೆ 26 ವಾರ ಕೊಟ್ಟಿತು. ಪಿಜಿಗಳಿಗೂ ಸರ್ಕಾರಿ ನಿಯಮದಂತೆ ಹೆರಿಗೆ ರಜೆ ಇದೆ. ಅನುಮತಿಸಿದ ದಿನ ಮೀರಿದರೆ ಕೋರ್ಸ್ ಅಷ್ಟೇ ದಿನ ಮುಂದಕ್ಕೆ ಹೋಗುತ್ತದೆ. ಎಡವುವುದು ಇಲ್ಲಿ: ಬಾಯಿಮಾತಿನ ರಜೆ ನಂಬಿ ಹೋಗುತ್ತಾರೆ, ಪರೀಕ್ಷೆಯ ಹೊತ್ತಿಗೆ ಹಾಜರಿ ಸಾಲುವುದಿಲ್ಲ. ತಾರೀಖು ನಮೂದಿಸಿ ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರ ಮೂಲಕ ಅರ್ಜಿ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ರಜೆಯಲ್ಲೂ ವಿಸ್ತರಿಸಿದ ತಿಂಗಳಲ್ಲೂ ಸ್ಟೈಪೆಂಡ್ ಬರುತ್ತದೆಯೇ ಎಂಬುದನ್ನು ಬರಹದಲ್ಲೇ ಪಡೆಯಿರಿ. ಥೀಸಿಸ್‌ಗೆ ರೋಗಿಗಳನ್ನು ಸೇರಿಸಿಕೊಳ್ಳುವ ಕೆಲಸವನ್ನು ರಜೆಗೆ ಮೊದಲೇ ಮುಗಿಸುವಂತಹ ವಿಷಯ ಆರಿಸಿ; ಎರಡು ವರ್ಷ ಫಾಲೋಅಪ್ ಬೇಡುವ ವಿಷಯ ಬೇಡ.

ಉತ್ತರ: ಟ್ರಾಮಾ ಸರ್ಜನ್, ಹುಬ್ಬಳ್ಳಿ

ಒಂದು ಬಿಟ್ಟುಹೋಯಿತು. ಬಟ್ಟೆ ಬದಲಿಸುವ ಕೋಣೆ ನೋಡಿ. ‘ಡಾಕ್ಟರ್ಸ್ ರೂಮ್’ ಗಂಡಸರದ್ದಾಗಿ, ಲೇಡಿ ಡಾಕ್ಟರ್‌ಗಳನ್ನು ಸಿಸ್ಟರ್‌ಗಳ ಕೋಣೆಗೆ ಕಳಿಸುವ ಓಟಿಗಳು ಇನ್ನೂ ಇವೆ. ಮರುದಿನದ ಕೇಸ್ ಯಾರಿಗೆ ಅನ್ನುವುದು ತೀರ್ಮಾನವಾಗುವುದು ಆ ಡಾಕ್ಟರ್ಸ್ ರೂಮಿನ ಟೀ ಹೊತ್ತಿನಲ್ಲಿ. ಕೇಸ್ ಹಂಚಿಕೆಯ ಪಟ್ಟಿ ಹಿಂದಿನ ಸಂಜೆಯೇ ನೋಟಿಸ್ ಬೋರ್ಡಿಗೆ ಬರುವ ವಿಭಾಗವಾದರೆ ಒಳ್ಳೆಯದು. ಈಗಿರುವ ಲೇಡಿ ಪಿಜಿಗಳನ್ನೇ ಕೇಳಿ: ಎರಡನೇ ವರ್ಷ ಮುಗಿಯುವಾಗ ಸ್ವಂತವಾಗಿ ಮಾಡಿದ ಪ್ಲೇಟಿಂಗ್ (ಮುರಿದ ಮೂಳೆಗೆ ಪ್ಲೇಟ್ ಕೂರಿಸುವುದು) ಎಷ್ಟು, ಬ್ಯಾಚ್‌ನ ಹುಡುಗರದ್ದು ಎಷ್ಟು?