ಥರ್ಮೋಸ್ಟ್ಯಾಟ್ ಯಾವ ಗೋಡೆಗೆ, ವೈರಿನಲ್ಲಿ ಎಷ್ಟು ಎಳೆ? ಅನುಭವ ಇರುವವರು ಹೇಳಿ

ಪ್ರಶ್ನೆ

ಮನೆ ರಿಪೇರಿ ನಡೀತಿದೆ. ಎರಡು ಅಂತಸ್ತು, ಡಕ್ಟ್ ಮೂಲಕ ಬಿಸಿಯನ್ನೂ ತಂಪನ್ನೂ ಕೊಡುವ ಒಂದೇ ಯೂನಿಟ್. ಹಳೇ ಥರ್ಮೋಸ್ಟ್ಯಾಟ್ ಕೆಳಗಿನ ಪಡಸಾಲೆಯಲ್ಲಿ, ತಂಪುಗಾಳಿ ಬರುವ ಗ್ರಿಲ್ ಎದುರಿಗೇ ಇದೆ. ಅದು 24 ಡಿಗ್ರಿ ತೋರಿಸಿ ಯೂನಿಟ್ ನಿಲ್ಲಿಸಿದ ಮೇಲೂ ಮಲಗುವ ಕೋಣೆಯಲ್ಲಿ ಸೆಕೆ. ಗೋಡೆ ಈಗ ತೆರೆದಿದೆ, ಪ್ಲಾಸ್ಟರ್ ಆಗುವ ಮುಂಚೆ ಜಾಗ ಬದಲಿಸಬೇಕು ಅಂತಿದ್ದೀವಿ. ಹಳೇ ಕೇಬಲ್‌ನಲ್ಲಿ ನಾಲ್ಕೇ ಎಳೆ. ತರಬೇಕೆಂದಿರುವ ವೈಫೈ ಥರ್ಮೋಸ್ಟ್ಯಾಟಿಗೆ 'ಸಿ ವೈರ್' ಬೇಕಂತೆ. ಎಲ್ಲಿ ಹಾಕಲಿ, ಎಂಥ ವೈರ್ ಎಳೆಸಲಿ?

ಡಕ್ಟ್ ಯೂನಿಟ್ ಸರ್ವಿಸ್ ಮಾಡುವವರು

ಪ್ಲಾಸ್ಟರ್ ಆಗೋದಕ್ಕೆ ಮುಂಚೆ ಕೇಳಿದ್ದು ತುಂಬಾ ಒಳ್ಳೇದಾಯ್ತು ಸರ್. ಥರ್ಮೋಸ್ಟ್ಯಾಟಿಗೆ ಇಡೀ ಮನೆ ಗೊತ್ತಿರಲ್ಲ. ಅದರ ಮುಖಕ್ಕೆ ತಾಗುವ ಗಾಳಿ ಎಷ್ಟು ಬಿಸಿ ಅನ್ನೋದಷ್ಟೇ ಗೊತ್ತು. ಅಷ್ಟು ಗಾಳಿಯ ಮಾತು ಕೇಳಿ ಇಡೀ ಯೂನಿಟ್ ಓಡುತ್ತೆ, ನಿಲ್ಲುತ್ತೆ. ನಿಮ್ಮಲ್ಲಿ ಗ್ರಿಲ್‌ನಿಂದ ಬಂದ ತಂಪುಗಾಳಿ ನೇರ ಅದಕ್ಕೇ ಹೊಡೀತಿದೆ. ಕೋಣೆಗೆ ತಂಪು ತಲುಪುವ ಮೊದಲೇ ಅದಕ್ಕೆ ತೃಪ್ತಿಯಾಗಿ ಕಂಪ್ರೆಸರ್ ನಿಲ್ಲಿಸಿಬಿಡುತ್ತೆ. ಯೂನಿಟ್ ಸರಿಯಾಗಿಯೇ ಇರಬಹುದು.

ಒಳಗೋಡೆ ಆರಿಸಿಕೊಳ್ಳಿ, ಹೊರಗೋಡೆ ಬೇಡ. ಹೊರಗೋಡೆ ಬಿಸಿಲಿಗೆ ಕಾಯುತ್ತೆ, ಚಳಿಗೆ ತಣ್ಣಗಾಗುತ್ತೆ, ಅದರ ಮೇಲೆ ಕೂತ ಸೆನ್ಸರ್ ಗಾಳಿಗಿಂತ ಗೋಡೆಯನ್ನೇ ಹೆಚ್ಚು ಅಳೆಯುತ್ತೆ. ಎತ್ತರ ನೆಲದಿಂದ ಸುಮಾರು 1.5 ಮೀಟರ್, ಅಂದರೆ ಐದು ಅಡಿ. ಗಾಲಿಕುರ್ಚಿ ಬಳಸುವವರು ಮನೆಯಲ್ಲಿದ್ದರೆ 1.2 ಮೀಟರಿಗೆ ಇಳಿಸಿ, ಅದರಿಂದ ಅಳತೆಗೆ ದೊಡ್ಡ ತೊಂದರೆಯಿಲ್ಲ. ಜನ ನಿಜವಾಗಿ ಹೆಚ್ಚು ಹೊತ್ತು ಕಳೆಯುವ ಕೋಣೆಯಲ್ಲಿ, ಗಾಳಿ ಯೂನಿಟ್‌ಗೆ ಮರಳಿ ಹೋಗುವ ರಿಟರ್ನ್ ಗ್ರಿಲ್ ಕಡೆ ಹರಿಯುವ ದಾರಿಯಲ್ಲಿ ಇದ್ದರೆ ಉತ್ತಮ. ಆ ದಾರಿಯಲ್ಲಿ ನಾಲ್ಕೂ ಕಡೆಯ ಗಾಳಿ ಬೆರೆತಿರುತ್ತೆ.

ಬೇಡದ ಜಾಗಗಳು ನಿಮಗೆ ಗೊತ್ತೇ ಇರುತ್ತೆ: ಬಿಸಿಲು ಬೀಳುವ ಕಡೆ, ಅಡುಗೆಮನೆ ಪಕ್ಕ, ಹೊರಬಾಗಿಲ ಹತ್ತಿರ, ಟಿವಿ ಮೇಲೆ. ಸಾಮಾನ್ಯವಾಗಿ ಕಣ್ಣು ತಪ್ಪಿಸಿಕೊಳ್ಳೋದು ಬೇರೆ. ತೆರೆದಿಟ್ಟ ಬಾಗಿಲ ಹಿಂದೆ ಬಂದರೆ ಗಾಳಿಯೇ ಆಡಲ್ಲ. ಗೋಡೆಯ ಒಳಗೆ ಬಿಸಿನೀರಿನ ಪೈಪೋ ಡಕ್ಟೋ ಹೋಗಿದ್ದರೆ ಹೊರಗಿನಿಂದ ಕಾಣಲ್ಲ, ಆದರೆ ಸೆನ್ಸರಿಗೆ ಗೊತ್ತಾಗುತ್ತೆ. ನಿಮ್ಮ ಗೋಡೆ ತೆರೆದೇ ಇದೆ, ನೋಡಿಕೊಳ್ಳಿ. ಡಿಮ್ಮರ್ ಸ್ವಿಚ್ಚಿನ ಮೇಲ್ಗಡೆಯೂ ಬೇಡ, ಅದರ ಶಾಖ ನೇರ ಮೇಲಕ್ಕೇರುತ್ತೆ. ಮೆಟ್ಟಿಲ ಬಾಯಿಯಲ್ಲಂತೂ ಬೇಡವೇ ಬೇಡ, ಮೇಲಿನ ಬಿಸಿಗಾಳಿ ಕೆಳಗಿನ ತಣ್ಣನೆ ಗಾಳಿ ಅಲ್ಲೇ ಅದಲುಬದಲಾಗ್ತಿರುತ್ತೆ.

ಗೋಡೆ ಮುಚ್ಚೋದಕ್ಕೆ ಮುಂಚೆ ಇದೊಂದನ್ನು ಖಂಡಿತ ಮಾಡಿ. ಮನಸ್ಸಲ್ಲಿರುವ ಎರಡು ಮೂರು ಜಾಗಗಳಲ್ಲಿ ಅದೇ ಎತ್ತರಕ್ಕೆ ಸಾಧಾರಣ ಡಿಜಿಟಲ್ ಥರ್ಮಾಮೀಟರ್ ಅಂಟಿಸಿ, ಯೂನಿಟ್ ಓಡಿಸಿ, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಓದಿ ಬರೆದಿಡಿ. ಕೋಣೆಯ ನಡುವಿನ ಉಷ್ಣತೆಗೆ ಯಾವುದು ಹತ್ತಿರ ಬರುತ್ತೋ ಅದೇ ನಿಮ್ಮ ಜಾಗ.

ಎರಡಂತಸ್ತಿನ ವಿಷಯದಲ್ಲಿ ಮಾತ್ರ ಆಸೆ ಹುಟ್ಟಿಸಲಾರೆ. ಒಂದು ಥರ್ಮೋಸ್ಟ್ಯಾಟ್ ಎರಡು ಅಂತಸ್ತನ್ನು ಸರಿದೂಗಿಸಲ್ಲ. ಕೆಳಗಿಟ್ಟರೆ ಮೇಲೆ ಸೆಕೆ, ಮೇಲಿಟ್ಟರೆ ಕೆಳಗೆ ಚಳಿ. ಡಕ್ಟಿನಲ್ಲಿ ಗಾಳಿ ತಡೆಯುವ ಫಲಕ, ಅಂದರೆ ಡ್ಯಾಂಪರ್‌ಗಳನ್ನು ಋತುವಿಗೆ ತಕ್ಕಂತೆ ಸ್ವಲ್ಪ ತಿರುಗಿಸಿ ಗಾಳಿ ಹಂಚೋದು ಒಂದು ದಾರಿ. ಮೇಲೆ ಕೆಳಗೆ ಬೇರೆ ಬೇರೆ ಜೋನ್ (ಒಂದೊಂದಕ್ಕೂ ತನ್ನದೇ ಥರ್ಮೋಸ್ಟ್ಯಾಟ್) ಮಾಡೋದು ಇನ್ನೊಂದು. ಬರೀ ಫ್ಯಾನನ್ನು ಸದಾ ಆನ್ ಇಟ್ಟು ಗಾಳಿ ಬೆರೆಸಿ ಅಂತಾನೂ ಕೆಲವರು ಹೇಳ್ತಾರೆ. ಒಣಹವೆಯಲ್ಲಿ ಅದು ಸರಿ. ತೇವ ಜಾಸ್ತಿ ಇರುವಾಗ ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ಓಡಿದರೆ ಗಾಳಿ ತಂಪು ಮಾಡುವ ಕಾಯಿಲ್ ಮೇಲೆ ನಿಂತ ನೀರೆಲ್ಲ ಮತ್ತೆ ಗಾಳಿಗೆ ಸೇರಿ ಮನೆ ಜಿಗುಟಾಗುತ್ತೆ.

ಮನೆಯವರೊಬ್ಬರು

ಒಂದು ವಿಷಯ ಸೇರಿಸ್ತೀನಿ. ಜಾಗ ಎಲ್ಲ ಸರಿಯಿದ್ದರೂ ನಮ್ಮ ಥರ್ಮೋಸ್ಟ್ಯಾಟ್ ಚಳಿಗಾಲದಲ್ಲಿ ಕೋಣೆಗಿಂತ ಕಡಿಮೆ ತೋರಿಸ್ತಿತ್ತು, ಹೀಟರ್ ಬಿಡದೆ ಓಡ್ತಿತ್ತು. ಬಂದ ಮೆಕ್ಯಾನಿಕ್ ಥರ್ಮೋಸ್ಟ್ಯಾಟ್ ಬಿಚ್ಚಿ ಅದರ ಹಿಂದಿನ ತೂತಿಗೆ ಬೆರಳಿಟ್ಟು ತೋರಿಸಿದರು. ಟೊಳ್ಳು ಗೋಡೆಯೊಳಗಿಂದ ಅಟ್ಟದ ತಣ್ಣನೆ ಗಾಳಿ ಆ ತೂತಿನಿಂದ ಸೆನ್ಸರಿಗೇ ಬೀಸ್ತಿತ್ತು. ವೈರ್ ಸುತ್ತ ಪುಟ್ಟಿ ತುಂಬಿ ಮುಚ್ಚಿದರು, ಅಷ್ಟಕ್ಕೇ ಸರಿಹೋಯ್ತು. ನೀವು ಪೈಪಿನಲ್ಲಿ ಕೇಬಲ್ ತಂದರೂ ಪೈಪಿನ ಬಾಯಿ ಮುಚ್ಚೋದನ್ನ ಬಿಡಬೇಡಿ. ಪೈಪಿನ ಮೇಲ್ತುದಿ ಅಟ್ಟದಲ್ಲಿ ತೆರೆದಿದ್ದರೆ ಗಾಳಿ ಅದರೊಳಗೂ ಇಳಿಯುತ್ತೆ.

ಎಲೆಕ್ಟ್ರಿಷಿಯನ್

ಜಾಗದ ಬಗ್ಗೆ ಮೇಲೆ ಹೇಳಿದ್ದಾರೆ, ನಾನು ವೈರ್ ಬಗ್ಗೆ ಬರೀತೀನಿ.

ಮೊದಲು ಯೂನಿಟ್‌ಗೆ ಹೋಗುವ ಮೇನ್ಸ್ ಆಫ್ ಮಾಡಿ, ಹಳೇ ಥರ್ಮೋಸ್ಟ್ಯಾಟಿನ ಮುಚ್ಚಳ ತೆಗೆದು ಫೋಟೋ ತೆಗೆದಿಟ್ಟುಕೊಳ್ಳಿ. ಬಣ್ಣಬಣ್ಣದ ತೆಳು ಎಳೆಗಳು ಅಕ್ಷರ ಬರೆದ ಸ್ಕ್ರೂಗಳಿಗೆ ಸೇರಿದ್ದರೆ ಅದು 24 ವೋಲ್ಟಿನ ಕಂಟ್ರೋಲ್ ವೈರಿಂಗ್. ದಪ್ಪ ವೈರ್‌ಗಳಿದ್ದು 120 ಅಥವಾ 240 ವೋಲ್ಟ್ ಅಂತ ಬರೆದಿದ್ದರೆ ಹೀಟರಿನ ಪೂರ್ತಿ ಕರೆಂಟೇ ಆ ಥರ್ಮೋಸ್ಟ್ಯಾಟ್ ಮೂಲಕ ಹೋಗ್ತಿದೆ ಅಂತ ಅರ್ಥ. ಅಲ್ಲಿ 24 ವೋಲ್ಟಿನದ್ದನ್ನು ಯಾವ ಕಾರಣಕ್ಕೂ ಹಾಕಬಾರದು. ಅದು ಸುಟ್ಟುಹೋಗುತ್ತೆ, ಬೆಂಕಿಯೂ ಹತ್ತಬಹುದು.

ನಾಲ್ಕು ಎಳೆ ಅಂದರೆ ಸಾಮಾನ್ಯವಾಗಿ ಆರ್, ಡಬ್ಲ್ಯು, ವೈ, ಜಿ. ಆರ್‌ನಲ್ಲಿ ಟ್ರಾನ್ಸ್‌ಫಾರ್ಮರಿನಿಂದ 24 ವೋಲ್ಟ್ ಬರುತ್ತೆ. ಥರ್ಮೋಸ್ಟ್ಯಾಟ್ ಅದನ್ನು ಡಬ್ಲ್ಯುಗೆ ಕೂಡಿಸಿದರೆ ಬಿಸಿ, ವೈಗೆ ಕೂಡಿಸಿದರೆ ಕಂಪ್ರೆಸರ್, ಜಿಗೆ ಕೂಡಿಸಿದರೆ ಫ್ಯಾನ್. ಸಿ ಅಂದರೆ ಟ್ರಾನ್ಸ್‌ಫಾರ್ಮರಿನ ಇನ್ನೊಂದು ತುದಿ, ಕರೆಂಟ್ ಮರಳುವ ದಾರಿ. ಹಳೆಯದು ಬರೀ ಸ್ವಿಚ್ ಆಗಿದ್ದರಿಂದ ಅದಕ್ಕೆ ಸಿ ಬೇಕಿರಲಿಲ್ಲ. ವೈಫೈ ಇರುವುದಕ್ಕೆ ಹಗಲೂ ರಾತ್ರಿ ಕರೆಂಟ್ ಬೇಕು. ಸಿ ಇಲ್ಲದಿದ್ದರೆ ಕೆಲವು ಮಾಡೆಲ್‌ಗಳು ವೈ ಅಥವಾ ಡಬ್ಲ್ಯು ಮೂಲಕ ಚೂರು ಕರೆಂಟ್ ಎಳೆದುಕೊಂಡು ಒಳಗಿನ ಬ್ಯಾಟರಿ ತುಂಬಿಸಿಕೊಳ್ಳುತ್ತವೆ. ಕೆಲವು ಯೂನಿಟ್‌ಗಳಲ್ಲಿ ಅದು ನಡೆಯುತ್ತೆ. ಕೆಲವದರಲ್ಲಿ ರಿಲೇ (ಕರೆಂಟಿನಿಂದ ಓಡುವ ಸ್ವಿಚ್) ಕಟಕಟ ಅನ್ನುತ್ತೆ, ಇಲ್ಲವೇ ತುಂಬ ಬೇಕಾದ ದಿನವೇ ಸ್ಕ್ರೀನ್ ಸತ್ತುಹೋಗುತ್ತೆ. ಗೋಡೆ ತೆರೆದಿರುವಾಗ ಆ ಪಾಡು ಯಾಕೆ?

18 ಗೇಜಿನ (ಗೇಜ್ ಸಂಖ್ಯೆ ಹೆಚ್ಚಿದಷ್ಟೂ ತಂತಿ ತೆಳು), ಒಂದೇ ಗಟ್ಟಿ ತಂತಿಯ ಎಂಟು ಎಳೆ ಕೇಬಲ್ ಎಳೆಸಿ. ಇವತ್ತು ಐದು ಸಾಕು, ನಿಜ. ನಾಳೆ ಹೀಟ್ ಪಂಪ್ (ಎಸಿಯನ್ನೇ ತಿರುಗುಮುರುಗು ಓಡಿಸಿ ಬಿಸಿಯನ್ನೂ ಕೊಡುವ ಯೂನಿಟ್) ಹಾಕಿಸಿದರೆ ದಿಕ್ಕು ಬದಲಿಸುವ ವಾಲ್ವ್‌ಗೆ ಒ/ಬಿ ಅಂತ ಒಂದು ಬೇಕು, ಸಹಾಯಕ ಹೀಟರಿಗೆ ಇನ್ನೊಂದು ಬೇಕು. ಉಳಿದವು ಮುಂದೆ ಯಾವುದಾದರೂ ಎಳೆ ತುಂಡಾದಾಗ ಕೈಹಿಡಿಯುತ್ತವೆ. ಎಂಟು ಎಳೆಗೂ ಐದು ಎಳೆಗೂ ಇರುವ ಬೆಲೆಯ ಅಂತರ ಗೋಡೆ ಮತ್ತೆ ಒಡೆಯುವ ಖರ್ಚಿನ ಮುಂದೆ ಲೆಕ್ಕಕ್ಕೇ ಬರಲ್ಲ. ಸಾಧ್ಯವಾದರೆ ಪೈಪಿನಲ್ಲಿ ತನ್ನಿ, ಎರಡೂ ತುದಿಯಲ್ಲಿ ಒಂದೊಂದು ಮೊಳ ಹೆಚ್ಚಿಗೆ ಬಿಡಿ.

ಮೇನ್ಸ್ ವೈರ್ ಹೋಗುವ ಪೈಪಿನೊಳಗೆ ಇದನ್ನು ಸೇರಿಸಬೇಡಿ. ಮೇನ್ಸಿನ ಇನ್ಸುಲೇಷನ್ ಎಲ್ಲಾದರೂ ಸುಲಿದರೆ ಕೈಯಲ್ಲಿ ಮುಟ್ಟುವ ಥರ್ಮೋಸ್ಟ್ಯಾಟಿಗೇ ಮೇನ್ಸ್ ಬರುತ್ತೆ. ಪಕ್ಕಪಕ್ಕ ಹೋಗುವಲ್ಲಿ 5 ಸೆಂಟಿಮೀಟರಾದರೂ ಅಂತರ ಇಡಿ, ದಾಟಲೇಬೇಕಾದ ಕಡೆ ಅಡ್ಡವಾಗಿ ದಾಟಿಸಿ. ಮೊಳೆ ಹೊಡೆಯುವ ಕ್ಲಿಪ್ಪನ್ನು ಬಿಗಿಯಾಗಿ ಬಡಿಯಬೇಡಿ. ಕ್ಲಿಪ್ ಇನ್ಸುಲೇಷನ್ ಸೀಳಿ ಎರಡು ಎಳೆ ಕೂಡಿಹೋದ ಕೇಸುಗಳನ್ನು ಬಹಳ ನೋಡಿದ್ದೀನಿ. ಪ್ಲಾಸ್ಟರ್ ಆದ ಮೇಲೆ ಅದನ್ನು ಹುಡುಕೋದು ಬಹಳ ಕಷ್ಟ.

ಬಣ್ಣವನ್ನಂತೂ ನಂಬಬೇಡಿ. ಕೆಂಪು ಆರ್, ಹಳದಿ ವೈ, ಹಸಿರು ಜಿ, ಬಿಳಿ ಡಬ್ಲ್ಯು, ನೀಲಿ ಸಿ ಅನ್ನೋದು ರೂಢಿ ಅಷ್ಟೇ. ಹಳೇ ಕೆಲಸದಲ್ಲಿ ಯಾರು ಯಾವುದನ್ನು ಎಲ್ಲಿಗೆ ಕಟ್ಟಿದ್ದಾರೋ! ಯೂನಿಟ್ಟಿನೊಳಗಿನ ಕಂಟ್ರೋಲ್ ಬೋರ್ಡಿನ ಮೇಲಿರುವ ಅಕ್ಷರ ನೋಡಿ ಎಳೆಗೆ ಚೀಟಿ ಅಂಟಿಸಿ.

ಕೇಳಿದವರು ಮತ್ತೆ

ಧನ್ಯವಾದ ಎಲ್ಲರಿಗೂ. ಇಂಟರ್‌ನೆಟ್‌ಗೆ ತಂದ ನೆಟ್‌ವರ್ಕ್ ಕೇಬಲ್ ಉಳಿದಿದೆ, ಅದರಲ್ಲೂ ಎಂಟು ಎಳೆ ಇವೆ. ಅದೇ ಸಾಕಾಗುತ್ತಾ? ದೂರ ಸುಮಾರು 25 ಮೀಟರ್.

ಎಲೆಕ್ಟ್ರಿಷಿಯನ್

ಬೇಡ ಸರ್. ಲೆಕ್ಕ ಹಾಕಿ ನೋಡೋಣ. 18 ಗೇಜಿನ ತಾಮ್ರ ಕಿಲೋಮೀಟರಿಗೆ ಸುಮಾರು 21 ಓಮ್. ಹೋಗಿ ಬರೋದು 50 ಮೀಟರ್, ಅಂದರೆ ಸುಮಾರು 1 ಓಮ್. ಅರ್ಧ ಆಂಪಿಯರ್ ಹರಿದರೆ ಅರ್ಧ ವೋಲ್ಟ್ ನಷ್ಟ, ಚಿಂತೆಯಿಲ್ಲ. ನೆಟ್‌ವರ್ಕ್ ಕೇಬಲ್ ಸಾಮಾನ್ಯವಾಗಿ 24 ಗೇಜ್, ಕಿಲೋಮೀಟರಿಗೆ 84 ಓಮಿನಷ್ಟು. ಅದೇ ದೂರಕ್ಕೆ 4 ಓಮ್ ದಾಟುತ್ತೆ, 2 ವೋಲ್ಟ್ ದಾರಿಯಲ್ಲೇ ಹೋಯ್ತು. ಹೊರಗಿನ ಯೂನಿಟ್ಟಿನ ಕಾಂಟ್ಯಾಕ್ಟರ್ (ಕಂಪ್ರೆಸರಿಗೆ ಮೇನ್ಸ್ ಕೊಡುವ ದೊಡ್ಡ ಸ್ವಿಚ್) ಎಳೆದುಕೊಳ್ಳುವ ಕ್ಷಣದಲ್ಲಿ ಇನ್ನೂ ಹೆಚ್ಚು ಕರೆಂಟ್ ಕೇಳುತ್ತೆ. ವೋಲ್ಟೇಜ್ ಸಾಲದಿದ್ದರೆ ಅದು ಪೂರ್ತಿ ಕೂರದೆ ನಡುಗುತ್ತೆ, ಕಾಂಟ್ಯಾಕ್ಟ್‌ಗಳು ಸುಡುತ್ತವೆ. ಜೊತೆಗೆ ಥರ್ಮೋಸ್ಟ್ಯಾಟಿನ ಟರ್ಮಿನಲ್‌ಗಳು ಆ ಕೂದಲೆಳೆ ತಂತಿಯನ್ನು ಗಟ್ಟಿಯಾಗಿ ಹಿಡಿಯಲ್ಲ.

ಆ ಕೇಬಲ್ಲಿಗೆ ಬೇರೆ ಕೆಲಸ ಇದೆ. ನೀವು ತರುವ ಮಾಡೆಲ್ ವೈರಿನ ಹೊರಸೆನ್ಸರ್ ಒಪ್ಪುವುದಾದರೆ ಮಲಗುವ ಕೋಣೆಯಲ್ಲಿ ಸೆನ್ಸರ್ ಇಟ್ಟು ಅದಕ್ಕೆ ಇದನ್ನು ಎಳೆಸಿ. ಹಲವು ಸೆನ್ಸರ್‌ಗಳು 10 ಕಿಲೋ ಓಮಿನ ಥರ್ಮಿಸ್ಟರ್, ಅಂದರೆ ಉಷ್ಣತೆಗೆ ತಕ್ಕಂತೆ ಓಮ್ ಬದಲಾಗುವ ಬಿಡಿಭಾಗ. 25 ಡಿಗ್ರಿ ಆಸುಪಾಸಿನಲ್ಲಿ ಅವು ಡಿಗ್ರಿಗೆ 400 ಓಮಿಗಿಂತ ಹೆಚ್ಚು ಬದಲಾಗುತ್ತವೆ. ವೈರಿನ 4 ಓಮ್ ಅಲ್ಲಿ ಏನೂ ಅಲ್ಲ.

ಸ್ಪ್ಲಿಟ್ ಎಸಿ ಇರುವವರಿಗೆ ಒಬ್ಬರ ಮಾತು

ಇದನ್ನೆಲ್ಲ ಓದಿ ಗೋಡೆಯ ಸ್ಪ್ಲಿಟ್ ಎಸಿಗೆ 24 ವೋಲ್ಟಿನ ಥರ್ಮೋಸ್ಟ್ಯಾಟ್ ತರಬೇಡಿ. ಅದರಲ್ಲಿ ಈ ಆರ್, ವೈ, ಜಿ ಇರಲ್ಲ. ಒಳಗಿನ ಮತ್ತು ಹೊರಗಿನ ಯೂನಿಟ್ಟುಗಳು ತಮ್ಮದೇ ಸಿಗ್ನಲ್ಲಿನಲ್ಲಿ ಮಾತಾಡಿಕೊಳ್ಳುತ್ತವೆ, ಹಲವು ಮಾಡೆಲ್‌ಗಳಲ್ಲಿ ಆ ಸಿಗ್ನಲ್ ವೈರಿನಲ್ಲೂ ಅಪಾಯಕಾರಿ ವೋಲ್ಟೇಜ್ ಇರುತ್ತೆ. ಅದರ ಸೆನ್ಸರ್ ಇರುವುದು ಗಾಳಿ ಒಳಸೇರುವ ಜಾಗದಲ್ಲಿ, ಸೂರಿನ ಹತ್ತಿರ. ಬಿಸಿ ಮಾಡುವಾಗ ಮೇಲೆ ಬೇಗ ಬಿಸಿಯಾಗಿ ಕೆಳಗೆ ಚಳಿ ಉಳಿಯೋದು ಅದಕ್ಕೇ. ನಿಮ್ಮ ರಿಮೋಟಿನಲ್ಲಿ ರಿಮೋಟ್ ಇರುವ ಜಾಗದ ಉಷ್ಣತೆ ನೋಡುವ ಬಟನ್ ಇದ್ದರೆ ಅದನ್ನು ಒತ್ತಿ, ರಿಮೋಟನ್ನು ಕೂರುವ ಕಡೆ ಇಟ್ಟುಕೊಳ್ಳಿ. ದಿಂಬಿನ ಅಡಿಯಲ್ಲಲ್ಲ, ಗಾಳಿಗೆ ತೆರೆದಂತೆ.

ಮೊದಲು ಬರೆದ ಸರ್ವಿಸ್‌ನವರು

ಪ್ಲಾಸ್ಟರಿನವರು ಬರೋದಕ್ಕೆ ಮುಂಚೆ ಕೇಬಲ್ ಪರೀಕ್ಷಿಸಿ. ಎರಡೂ ತುದಿ ಬಿಟ್ಟುಕೊಂಡು, ಒಂದು ತುದಿಯಲ್ಲಿ ಎರಡು ಎಳೆ ಹೊಸೆದು ಇನ್ನೊಂದು ತುದಿಯಲ್ಲಿ ಮಲ್ಟಿಮೀಟರಿನಿಂದ ಓಮ್ ಅಳೆಯಿರಿ, ಒಂದು ಓಮಿನ ಹತ್ತಿರ ಬರಬೇಕು. ಹೊಸೆದದ್ದು ಬಿಚ್ಚಿದ ಮೇಲೆ ಯಾವ ಎರಡರ ನಡುವೆಯೂ ಏನೂ ತೋರಿಸಬಾರದು.

ಎಲ್ಲ ಕಟ್ಟಿ ಮೇನ್ಸ್ ಹಾಕಿದ ಮೇಲೆ ಥರ್ಮೋಸ್ಟ್ಯಾಟಿನ ಜಾಗದಲ್ಲಿ ಆರ್ ಮತ್ತು ಸಿ ನಡುವೆ 24ರಿಂದ 28 ವೋಲ್ಟ್ ಸಿಗಬೇಕು. ಸಿಗದಿದ್ದರೆ ಮೊದಲು ಬೋರ್ಡಿನ ಮೇಲಿನ ಚಪ್ಪಟೆ ಫ್ಯೂಸ್ ನೋಡಿ, ಕಾರಿನಲ್ಲಿರುತ್ತಲ್ಲ, ಅಂಥದೇ, ಸಾಮಾನ್ಯವಾಗಿ 3 ಅಥವಾ 5 ಆಂಪಿಯರ್. ಆರ್ ಮತ್ತು ಸಿ ಒಂದು ಕ್ಷಣ ತಾಗಿದರೂ ಅದು ಹೋಗುತ್ತೆ. ಫ್ಯೂಸ್ ಇಲ್ಲದ ಹಳೇ ಬೋರ್ಡಾದರೆ ಟ್ರಾನ್ಸ್‌ಫಾರ್ಮರೇ ಹೋಗುತ್ತೆ. ಅದಕ್ಕೇ ವೈರ್ ಕಟ್ಟುವಾಗ ಪವರ್ ಆಫ್ ಇರಲಿ ಅನ್ನೋದು. ಹೊಸ ಫ್ಯೂಸೂ ತಕ್ಷಣ ಹೋದರೆ ಹೊರಗಿನ ಯೂನಿಟ್‌ಗೆ ಹೋಗುವ ವೈ, ಸಿ ಎಳೆಗಳನ್ನು ಬೋರ್ಡಿನಿಂದ ಬಿಚ್ಚಿ ನೋಡಿ. ಬಿಸಿಲಿಗೆ ಇನ್ಸುಲೇಷನ್ ಪುಡಿಯಾಗಿಯೋ ಇಲಿ ಕಚ್ಚಿಯೋ ಶಾರ್ಟ್ ಆಗಿರುವುದು ಹೆಚ್ಚಾಗಿ ಅಲ್ಲೇ. ಹೊರಗಿನ ಭಾಗಕ್ಕೂ ಈಗಲೇ ಪೈಪ್ ಹಾಕಿಸಿ.

ಕೂಲಿಂಗ್ ಹಾಕಿದ ಕೂಡಲೇ ಕಂಪ್ರೆಸರ್ ಓಡಲಿಲ್ಲ ಅಂತ ಗಾಬರಿಯಾಗಿ ವೈರ್ ಬಿಚ್ಚಬೇಡಿ. ಬಹಳಷ್ಟು ಥರ್ಮೋಸ್ಟ್ಯಾಟ್‌ಗಳು ಕಂಪ್ರೆಸರ್ ಉಳಿಸಲಿಕ್ಕೆ ಸುಮಾರು 5 ನಿಮಿಷ ಕಾಯಿಸುತ್ತವೆ. ಅದಾದ ಮೇಲೂ ಓಡದಿದ್ದರೆ ಹೀಗೆ ಮಾಡಿ: ಪವರ್ ಆಫ್ ಮಾಡಿ, ಯೂನಿಟ್ ಬೋರ್ಡಿನಲ್ಲಿ ಆರ್ ಮತ್ತು ಜಿಗೆ ಒಂದು ತುಂಡು ವೈರ್ ಕಟ್ಟಿ, ಆನ್ ಮಾಡಿ. ಫ್ಯಾನ್ ತಿರುಗಿದರೆ ಬೋರ್ಡಿಗೆ 24 ವೋಲ್ಟ್ ಬರ್ತಿದೆ, ಫ್ಯಾನಿನ ಭಾಗ ಚೆನ್ನಾಗಿದೆ ಅಂತ ಅರ್ಥ. ಆಗ ತಪ್ಪು ಥರ್ಮೋಸ್ಟ್ಯಾಟಿನಲ್ಲೋ ಕೇಬಲ್ಲಿನಲ್ಲೋ ಹೊರಗಿನ ಯೂನಿಟ್ಟಿನ ಕಡೆಯೋ ಇರಬಹುದು. ಹೊಸ ಥರ್ಮೋಸ್ಟ್ಯಾಟಿನಲ್ಲಿ ಆರ್‌ಸಿ, ಆರ್‌ಎಚ್ ಅಂತ ಎರಡು ಟರ್ಮಿನಲ್ (ತಂಪಿನ ಆರ್, ಬಿಸಿಯ ಆರ್) ಇದ್ದರೆ ನಿಮ್ಮದು ಒಂದೇ ಟ್ರಾನ್ಸ್‌ಫಾರ್ಮರ್ ಆದ್ದರಿಂದ ಎರಡನ್ನೂ ಕೂಡಿಸುವ ಜಂಪರ್ ಇರಬೇಕು. ಕೆಲವು ಮಾಡೆಲ್‌ಗಳು ಒಳಗೇ ಕೂಡಿಸಿಕೊಳ್ಳುತ್ತವೆ, ಜೊತೆಗೆ ಬಂದ ಚೀಟಿ ಓದಿ. ಬಿಸಿಗೆ ಒಂದು ತಂಪಿಗೆ ಒಂದು ಅಂತ ಎರಡು ಟ್ರಾನ್ಸ್‌ಫಾರ್ಮರ್ ಇರುವ ಮನೆಗಳಲ್ಲಿ ಮಾತ್ರ ಆ ಜಂಪರ್ ತೆಗೆಯಲೇಬೇಕು.