ಹೊಳೆಗೆ ಇಳಿದವರನ್ನು ಗೌರವಿಸುವುದು ಹೇಗೆ? ಅನುಭವ ಇದ್ದವರು ಹೇಳಿ

ತೀರ್ಥಹಳ್ಳಿ ಕಡೆಯ ಯುವಕ ಸಂಘದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಸಲಹೆ ಬೇಕಿತ್ತು. ಕಳೆದ ಮಳೆಗಾಲದಲ್ಲಿ, ಪುಷ್ಯ ಮಳೆ ಜೋರಾಗಿದ್ದಾಗ, ನಮ್ಮೂರಿನ ಹಳ್ಳ ಒಂದೇ ರಾತ್ರಿಯಲ್ಲಿ ಏರಿತು. ಕೆಳಗಿನ ಕೇರಿಯ ನಾಲ್ಕು ಮನೆಗಳಿಗೆ ನೀರು ನುಗ್ಗಿತು. ಅದೇ ಹೊತ್ತಿಗೆ ಧರೆ ಜರಿದು ರಸ್ತೆಯೂ ಮುಚ್ಚಿತು. ಹೊರಗಿನಿಂದ ಯಾರೂ ಬರುವ ಹಾಗಿರಲಿಲ್ಲ. ಊರಿನ ಮೂವರು ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅಜ್ಜಿಯಂದಿರನ್ನೂ ಮಕ್ಕಳನ್ನೂ ಹೊತ್ತು ತಂದರು. ಬೆಳಗಿನ ಜಾವ ಜೆಸಿಬಿ ಓಡಿಸುವವರೊಬ್ಬರು ತಾವಾಗಿಯೇ ಬಂದು ಮಣ್ಣು ಸರಿಸಿದರು. ಲೈನ್‌ಮನ್ ಎರಡು ದಿನ ಮನೆಗೇ ಹೋಗಲಿಲ್ಲ.

ಈ ಸಲದ ಗಣಪತಿ ಹಬ್ಬದಲ್ಲಿ ಇವರಿಗೆಲ್ಲ ಸನ್ಮಾನ ಮಾಡಬೇಕು ಅಂತ ಸಂಘದಲ್ಲಿ ಮಾತಾಗಿದೆ. ಕೈಯಲ್ಲಿ ಸುಮಾರು ಇಪ್ಪತ್ತು ಸಾವಿರ ರೂಪಾಯಿ ಇದೆ. ಶಾಲು, ಹಾರ, ಹಣ್ಣಿನ ಬುಟ್ಟಿ ಸಾಕಾ? ಸರ್ಕಾರದ ಪ್ರಶಸ್ತಿಗೆ ಹೆಸರು ಕಳಿಸಬಹುದಾ? ಯಾರನ್ನಾದರೂ ಬಿಟ್ಟು ಬೇಸರ ಮಾಡುವುದು ನಮಗೆ ಬೇಡ. ಸನ್ಮಾನ ಮಾಡಿದವರು, ಮಾಡಿಸಿಕೊಂಡವರು ಇಬ್ಬರೂ ಹೇಳಿ.

ಹೊಸನಗರ ಕಡೆಯ ನಿವೃತ್ತ ಮೇಷ್ಟ್ರು:

ತಮ್ಮಾ, ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಶಾಲು ಆಮೇಲೆ ತಂದರಾಯಿತು.

ನಮ್ಮೂರಿನಲ್ಲಿ ನಾವು ಉಲ್ಟಾ ಮಾಡಿದೆವು. 2019ರ ಆಗಸ್ಟ್ ಮಳೆ ನಿಮಗೂ ನೆನಪಿರಬಹುದು. ಶಿವಮೊಗ್ಗದಲ್ಲಿ ತುಂಗೆ ತಗ್ಗಿನ ಬಡಾವಣೆಗಳಿಗೆ ನುಗ್ಗಿದ ವರ್ಷ ಅದು. ನಮ್ಮಲ್ಲಿ ಗುಡ್ಡದ ಬುಡದ ಎರಡು ಮನೆಗಳ ಮೇಲೆ ಧರೆ ಬಂತು. ಜೀವ ಹೋಗಲಿಲ್ಲ. ಮುಂದಿನ ತಿಂಗಳು ಸನ್ಮಾನ ಇಟ್ಟುಕೊಂಡೆವು. ನೆನಪಿಗೆ ಬಂದ ಐದು ಹೆಸರು ಕರೆದೆವು. ಐವರೂ ಗಂಡಸರು. ಐವರೂ ಅವತ್ತಿನ ಫೋಟೋದಲ್ಲಿ ಇದ್ದವರು. ಅವರಲ್ಲಿ ನಾನೂ ಒಬ್ಬ.

ಕಾರ್ಯಕ್ರಮ ಮುಗಿದು ಕುರ್ಚಿ ಮಡಚುತ್ತಿದ್ದಾಗ ಮನೆ ಕಳೆದುಕೊಂಡ ತಾಯಿಯೊಬ್ಬರು ಹತ್ತಿರ ಬಂದರು. 'ಮೇಷ್ಟ್ರೇ, ಹೊರಗೆ ಬನ್ನಿ ಅಂತ ನಮಗೆ ಮೊದಲು ಹೇಳಿದ್ದು ಮೇಲಿನ ಮನೆ ಅಕ್ಕ. ಅವರನ್ನು ಕರೆಯಲೇ ಇಲ್ಲವಲ್ಲ' ಅಂದರು. ನನಗೆ ಆ ವಿಷಯವೇ ಗೊತ್ತಿರಲಿಲ್ಲ. ಆ ಅಕ್ಕ ಸೊಪ್ಪಿಗೆ ಹೋದಾಗ ಗುಡ್ಡದ ಮೇಲೆ ನೆಲ ಬಿರುಕು ಬಿಟ್ಟಿದ್ದನ್ನು ನೋಡಿದ್ದರು. ಯಾವಾಗಲೂ ತಿಳಿಯಾಗಿರುವ ಒರತೆ ನೀರು ಕೆಂಪಗೆ ಬರುತ್ತಿತ್ತಂತೆ. ಒಂದೆರಡು ಮರ ವಾಲಿದ್ದವಂತೆ. ಅವರು ಮಳೆಯಲ್ಲೇ ಇಳಿದು ಬಂದು ಎರಡೂ ಮನೆಯವರನ್ನು ಎಬ್ಬಿಸಿ ಹೊರಡಿಸಿದ್ದಾರೆ. ನಾವು ಐವರು ಹೋಗಿ ಎತ್ತಿದ್ದು ಪಾತ್ರೆ, ಅಕ್ಕಿ, ದನ. ಆ ಅಕ್ಕ ಸುಮ್ಮನಿದ್ದಿದ್ದರೆ ಮನುಷ್ಯರನ್ನೇ ಎತ್ತಬೇಕಾಗುತ್ತಿತ್ತು.

ಮಾರನೇ ದಿನದಿಂದ ನಾನು ಮನೆಮನೆಗೆ ಹೋದೆ. ಸಹಾಯ ಮಾಡಿದವರ ಮನೆಗಲ್ಲ, ಸಹಾಯ ಪಡೆದವರ ಮನೆಗೆ. ಆ ರಾತ್ರಿ ನಿಮಗೆ ಮೊದಲು ಹೇಳಿದವರು ಯಾರು, ಬಾಗಿಲಿಗೆ ಬಂದವರು ಯಾರು, ಒಣಬಟ್ಟೆ ಕೊಟ್ಟವರು ಯಾರು, ಶಾಲೆಯ ಬೀಗ ತೆಗೆದವರು ಯಾರು, ಬೆಳಿಗ್ಗೆ ಗಂಜಿ ಬೇಯಿಸಿದವರು ಯಾರು ಅಂತ ಕೇಳಿದೆ. ತಾರೀಖು, ಹೊತ್ತು, ಜಾಗ, ನೀರು ಎಲ್ಲಿಯವರೆಗೆ ಬಂತು, ಎಲ್ಲ ಬರೆದುಕೊಂಡೆ. ಐದು ಹೆಸರು ಹದಿನೇಳಾಯಿತು. ಎಲ್ಲರನ್ನೂ ವೇದಿಕೆಗೆ ಹತ್ತಿಸಲಿಲ್ಲ. ಗ್ರಾಮಸಭೆಯಲ್ಲಿ ಆ ಬರಹವನ್ನು ನಿಧಾನವಾಗಿ ಓದಿದೆ, ಅಷ್ಟೇ. ಮೇಲಿನ ಮನೆ ಅಕ್ಕ ಕೊನೆಯ ಸಾಲಿನಲ್ಲಿ ಕೂತಿದ್ದರು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಆ ನೋಟ್‌ಬುಕ್ಕಿನ ಒಂದು ಪ್ರತಿ ಶಾಲೆಯಲ್ಲಿದೆ, ಒಂದು ಪಂಚಾಯಿತಿಯಲ್ಲಿದೆ. ಯಾರ ಮನೆಯಲ್ಲಿ ಉದ್ದದ ಹಗ್ಗ ಇದೆ, ಯಾರಿಗೆ ಈಜು ಬರುತ್ತದೆ ಅನ್ನುವುದೂ ಅದರಲ್ಲೇ ಇದೆ. ಈಗ ಪ್ರತಿ ಮಳೆಗಾಲಕ್ಕೆ ಮುಂಚೆ ಅದನ್ನು ತೆಗೆದು ನೋಡುತ್ತೇವೆ.

ಸಾಗರ ಕಡೆಯ ಹಿನ್ನೀರಿನ ಊರಿನವನು:

ನಾನು ಸನ್ಮಾನ ಮಾಡಿಸಿಕೊಂಡವನು. ಶರಾವತಿ ಹಿನ್ನೀರಿನಲ್ಲಿ ಉಕ್ಕಡ, ಅಂದರೆ ಜನರನ್ನು ದಾಟಿಸುವ ದೋಣಿ, ನಡೆಸಿಕೊಂಡು ಬೆಳೆದೆ. ಯಾರಾದರೂ ಮುಳುಗಿದರೆ ಸುತ್ತಲಿನವರು ನನಗೆ ಫೋನ್ ಮಾಡುತ್ತಾರೆ. ಬದುಕಿಸಿ ತಂದದ್ದು ಕಡಿಮೆ. ಶವ ತಂದದ್ದೇ ಜಾಸ್ತಿ. ಮನೆಯವರಿಗೆ ಕೊನೆಯ ಸಲ ಮುಖ ನೋಡಲಿಕ್ಕೆ ಸಿಗಬೇಕಲ್ಲ, ಅದಕ್ಕೆ ಇಳಿಯುತ್ತೇನೆ.

ಒಂದು ಕಾರ್ಯಕ್ರಮಕ್ಕೆ ನನ್ನನ್ನು ಕರೆದಿದ್ದರು. ಸಂಜೆ ಐದಕ್ಕೆ ಬನ್ನಿ ಅಂದರು. ಭಾಷಣಗಳು ಮುಗಿದು ನನ್ನ ಸರದಿ ಬಂದದ್ದು ರಾತ್ರಿ ಒಂಬತ್ತಕ್ಕೆ. ಮೈಕ್‌ನಲ್ಲಿ ನನ್ನನ್ನು 'ಹೆಣ ಎತ್ತುವವರು' ಅಂತ ಕರೆದರು. ನನ್ನ ಮಗಳು ಮುಂದೆ ಕೂತಿದ್ದಳು. ತಲೆ ತಗ್ಗಿಸಿದಳು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಮಗನನ್ನು ಕಳೆದುಕೊಂಡ ತಂದೆಯಿಂದಲೇ ನನಗೆ ಶಾಲು ಹೊದಿಸಿದರು. ಅವರ ಕೈ ನಡುಗುತ್ತಿತ್ತು. ಇದನ್ನು ದಯವಿಟ್ಟು ಯಾರೂ ಮಾಡಬೇಡಿ. ನೀರಿಗೆ ಸಿಕ್ಕವರ ಮನೆಯವರನ್ನು ವೇದಿಕೆಗೆ ಕರೆಯುವ ಮುಂಚೆ ಹತ್ತು ಸಲ ಯೋಚನೆ ಮಾಡಿ. ಅವರಾಗಿ ಬರುತ್ತೇನೆ ಅಂದರೆ ಬೇರೆ ಮಾತು.

ಆಮೇಲೆ ಇನ್ನೊಂದು ಊರಿನವರು ಮನೆಗೇ ಬಂದರು. ಊರಿನ ಹಿರಿಯರು ನಾಲ್ಕು ಜನ, ಜೊತೆಗೆ ಹೆಂಗಸರು. ಚಹಾ ಕುಡಿದರು. ನಿಮಗೆ ಏನು ಬೇಕು ಅಂತ ಕೇಳಿದರು. ನಾನು ನಾಚಿಕೆ ಬಿಟ್ಟು ಹೇಳಿದೆ, ಎರಡು ಲೈಫ್ ಜಾಕೆಟ್ ಬೇಕು, ನೀರು ಹೋಗದ ಟಾರ್ಚ್ ಬೇಕು. ಒಂದು ವಾರದಲ್ಲಿ ತಂದುಕೊಟ್ಟರು. ಜೊತೆಗೆ ನನ್ನ ಹೆಸರಿನಲ್ಲಿ ಒಂದು ಅಪಘಾತ ವಿಮೆ ಮಾಡಿಸಿ ಅದರ ಕಾಗದವನ್ನು ಹೆಂಡತಿಯ ಕೈಗೆ ಕೊಟ್ಟರು. ನಾನು ನೀರಿಗೆ ಇಳಿದಾಗಲೆಲ್ಲ ದಡದಲ್ಲಿ ನಿಂತು ಕಾಯುವವಳು ಅವಳು. ಅದು ಅವರಿಗೆ ಹೇಗೆ ಹೊಳೆಯಿತೋ! ಆ ಜಾಕೆಟ್ಟುಗಳನ್ನು ಇವತ್ತಿಗೂ ಬಳಸುತ್ತಿದ್ದೇನೆ.

ಶಿವಮೊಗ್ಗದಿಂದ, ಅರ್ಜಿ ಬರೆದು ಅನುಭವ ಇರುವವನು:

ಸರ್ಕಾರದ ಪ್ರಶಸ್ತಿ ಬಗ್ಗೆ ಕೇಳಿದ್ದೀರಿ. ಹೆಸರು ಕಳಿಸಬಹುದು, ಖಂಡಿತ ಕಳಿಸಿ.

ನಿಮ್ಮ ಮೂವರು ಹುಡುಗರಿಗೆ ಸರಿಹೊಂದುವುದು ಜೀವನ್ ರಕ್ಷಾ ಪದಕ. ಇನ್ನೊಬ್ಬರ ಜೀವ ಉಳಿಸಿದವರಿಗೆ ಕೇಂದ್ರ ಸರ್ಕಾರ ಕೊಡುವಂಥದ್ದು. 1961ರಲ್ಲಿ ಶುರುವಾಯಿತು. ಮುಳುಗುವುದು, ಬೆಂಕಿ, ಅಪಘಾತ, ಭೂಕುಸಿತ, ಕರೆಂಟ್ ಹೊಡೆಯುವುದು, ಪ್ರಾಣಿ ದಾಳಿ, ಎಲ್ಲಕ್ಕೂ ಅನ್ವಯಿಸುತ್ತದೆ. ಇದರಲ್ಲಿ ಮೂರು ದರ್ಜೆ ಇವೆ. ಮೇಲಿನದು ಸರ್ವೋತ್ತಮ, ಆಮೇಲೆ ಉತ್ತಮ, ಮೂರನೆಯದು ಬರೀ ಜೀವನ್ ರಕ್ಷಾ ಪದಕ. ಜೊತೆಗೆ ಕ್ರಮವಾಗಿ 2 ಲಕ್ಷ, 1.5 ಲಕ್ಷ, 1 ಲಕ್ಷ ರೂಪಾಯಿ. ಪ್ರಾಣ ಕೊಟ್ಟು ಉಳಿಸಿದವರಿಗೆ ಮರಣೋತ್ತರವಾಗಿಯೂ ಕೊಡುತ್ತಾರೆ. ಪೊಲೀಸ್, ಅಗ್ನಿಶಾಮಕ ದಳದವರು ಕರ್ತವ್ಯದ ಮೇಲೆ ಇದ್ದಾಗ ಮಾಡಿದ್ದಕ್ಕೆ ಇದು ಸಿಗುವುದಿಲ್ಲ. ಇದು ಮುಖ್ಯವಾಗಿ ನಮ್ಮಂಥ ಸಾಮಾನ್ಯರಿಗೆ ಇರುವ ಪದಕ. ರಾಜ್ಯ ಸರ್ಕಾರದ ಶಿಫಾರಸಿನ ಮೂಲಕ ಹೋಗಬೇಕು. ಹಾಗಾಗಿ ತಹಶೀಲ್ದಾರರಿಗೆ ಬರೆದು, ಜಿಲ್ಲಾಧಿಕಾರಿಗಳ ಕಚೇರಿಗೆ ಕೊಡಿ. ಘಟನೆ ನಡೆದು ಎರಡು ವರ್ಷದ ಒಳಗೆ ಹೋಗಬೇಕು ಅನ್ನುವುದು ನೆನಪಿರಲಿ. ತಡ ಮಾಡಬೇಡಿ.

ನಾನು ಒಂದು ಸಲ ಅರ್ಜಿ ಕಳಿಸಿ ಸೋತಿದ್ದೇನೆ. ಯಾಕೆಂದರೆ ನಾಲ್ಕು ಪುಟ ಹೊಗಳಿಕೆ ಬರೆದಿದ್ದೆ. ನದಿಗೆ ಹಾರಿದ ವೀರ, ಊರಿನ ಕಣ್ಮಣಿ, ಹೀಗೆ. ಎಷ್ಟು ಹೊತ್ತಿಗೆ ಹಾರಿದ, ನೀರು ಎಷ್ಟು ಆಳ ಇತ್ತು, ಅವನಿಗೆ ಏನು ಅಪಾಯ ಇತ್ತು ಅಂತ ಒಂದು ಸಾಲೂ ಇರಲಿಲ್ಲ. ಬದುಕಿದವರ ಹೇಳಿಕೆಯನ್ನೂ ಲಗತ್ತಿಸಿರಲಿಲ್ಲ. ಮೇಲೆ ಮೇಷ್ಟ್ರು ಹೇಳಿದ ನೋಟ್‌ಬುಕ್ ಇದ್ದಿದ್ದರೆ ಅರ್ಧ ಕೆಲಸ ಆಗಿರುತ್ತಿತ್ತು. ಬದುಕಿ ಬಂದವರು ತಮ್ಮ ಮಾತಿನಲ್ಲಿ ಬರೆದು ಸಹಿ ಮಾಡಿದ ಕಾಗದ, ಪತ್ರಿಕೆ ವರದಿ, ಠಾಣೆಯ ದಾಖಲೆ ಇದ್ದರೆ ಅದು, ಇವನ್ನೆಲ್ಲ ಇಡಿ.

ಇನ್ನೊಂದು ಸುಭಾಷ್ ಚಂದ್ರ ಬೋಸ್ ಆಪದಾ ಪ್ರಬಂಧನ್ ಪುರಸ್ಕಾರ, ವಿಪತ್ತು ನಿರ್ವಹಣೆಯ ಕೆಲಸಕ್ಕೆ ಕೇಂದ್ರ ಸರ್ಕಾರ ಕೊಡುವಂಥದ್ದು. ನೇತಾಜಿಯವರ ಜನ್ಮದಿನ, ಜನವರಿ 23ರಂದು ಘೋಷಣೆಯಾಗುತ್ತದೆ. ಸಂಸ್ಥೆಗೆ 51 ಲಕ್ಷ, ವ್ಯಕ್ತಿಗೆ 5 ಲಕ್ಷ ರೂಪಾಯಿ. ಯಾರು ಬೇಕಾದರೂ ಇನ್ನೊಬ್ಬರ ಹೆಸರು ಸೂಚಿಸಬಹುದು, ಆನ್‌ಲೈನ್‌ನಲ್ಲೇ. ಇದು ಒಂದು ರಾತ್ರಿಯ ಸಾಹಸಕ್ಕಿಂತ ವರ್ಷಗಟ್ಟಲೆ ಮಾಡಿದ ಕೆಲಸಕ್ಕೆ ಹೆಚ್ಚು ಒಪ್ಪುತ್ತದೆ. ದೊಡ್ಡ ಸಂಸ್ಥೆಗಳಿಗೆ ಮಾತ್ರ ಅಂದುಕೊಳ್ಳಬೇಡಿ. 2023ರಲ್ಲಿ ಒಡಿಶಾದ ವಿಪತ್ತು ನಿರ್ವಹಣಾ ಪ್ರಾಧಿಕಾರದ ಜೊತೆ ಮಿಜೋರಾಂನ ಲುಂಗ್ಲೇ ಅನ್ನುವ ಗುಡ್ಡದ ಊರಿನ ಅಗ್ನಿಶಾಮಕ ಠಾಣೆಗೂ ಕೊಟ್ಟರು. 2021ರ ಏಪ್ರಿಲ್‌ನಲ್ಲಿ ಅಲ್ಲಿ ಕಾಡಿಗೆ ಬೆಂಕಿ ಬಿದ್ದು ಹತ್ತಕ್ಕೂ ಹೆಚ್ಚು ಗ್ರಾಮಗಳ ಕಡೆ ಹರಡಿತ್ತು. ಠಾಣೆಯವರು 32 ಗಂಟೆಗೂ ಜಾಸ್ತಿ ಹೊತ್ತು ನಿಲ್ಲದೆ ಹೋರಾಡಿದರು. ಊರಿನವರಿಗೂ ನಿಂತ ಜಾಗದಲ್ಲೇ ಬೆಂಕಿ ಆರಿಸುವುದನ್ನು ಕಲಿಸಿದರು. ಅದನ್ನು ಓದಿದಾಗ ನನಗೆ ನಮ್ಮ ತಾಲ್ಲೂಕುಗಳ ಠಾಣೆಗಳೇ ಕಣ್ಣ ಮುಂದೆ ಬಂದವು.

ಸಾಗರ ತಾಲ್ಲೂಕಿನ ಆಶಾ ಕಾರ್ಯಕರ್ತೆ:

ನೀರು, ಬೆಂಕಿ ಎಲ್ಲರಿಗೂ ಕಾಣುತ್ತದೆ. ನಮ್ಮ ಕಡೆಯ ಆಪತ್ತು ಉಣುಗಿನಲ್ಲಿ ಇರುತ್ತದೆ. ಉಣುಗು ಕಚ್ಚಿ ಬರುವ ಜ್ವರ, ಮಂಗನ ಕಾಯಿಲೆ, ಮೊದಲು ಗೊತ್ತಾಗಿದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2018-19ರಲ್ಲಿ ನಮ್ಮ ತಾಲ್ಲೂಕಿನ ಅರಳಗೋಡು ಕಡೆ ಈ ಕಾಯಿಲೆಯಿಂದ ಎಷ್ಟು ಮನೆ ಖಾಲಿಯಾದವು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಚಳಿಗಾಲದಿಂದ ಮಳೆ ಬೀಳುವವರೆಗೂ ನಮ್ಮ ಓಡಾಟ. ಮಂಗ ಸತ್ತ ಸುದ್ದಿ ಬಂದರೆ ತಿಳಿಸಬೇಕು. ದರಗು (ಒಣಗಿದ ಎಲೆ) ತರಲು ಕಾಡಿಗೆ ಹೋಗುವವರಿಗೆ ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆ ಕೊಡಬೇಕು. ಜ್ವರ ಬಂದವರನ್ನು ಹುಡುಕಿ ರಕ್ತ ಪರೀಕ್ಷೆಗೆ ಕಳಿಸಬೇಕು. ಬೈಸಿಕೊಂಡೇ ಮಾಡುತ್ತೇವೆ.

ಒಂದು ವರ್ಷ ನಮ್ಮ ಊರಿನಲ್ಲಿ ಒಂದು ಕೇಸೂ ಬರಲಿಲ್ಲ. ಆ ವರ್ಷ ನಮ್ಮನ್ನು ಯಾರೂ ನೆನೆಸಲಿಲ್ಲ. ನನಗೆ ಹೆಮ್ಮೆ ಇರುವುದು ಆ ವರ್ಷದ ಬಗ್ಗೆಯೇ. ನಿಮ್ಮ ಪಟ್ಟಿ ಮಾಡುವಾಗ ಮಳೆಗೆ ಮುಂಚೆ ಚರಂಡಿ ಬಿಡಿಸಿದವರು, ಕಾಲುಸಂಕ ಗಟ್ಟಿ ಮಾಡಿದವರು, ಬೇಸಿಗೆಯಲ್ಲಿ ಕಾಡಿನ ಬೆಂಕಿ ರೇಖೆ ತೆಗೆದ ಅರಣ್ಯದ ದಿನಗೂಲಿ ಹುಡುಗರು, ಇವರನ್ನೂ ಬರೆಯಿರಿ ತಮ್ಮಾ. ನನಗೆ ಶಾಲು ಬೇಡ. ಬಾಗಿಲಿಗೆ ಬಂದಾಗ ಒಳಗೆ ಕರೆದು ಎರಡು ನಿಮಿಷ ಮಾತು ಕೇಳಿದರೆ ಸಾಕು.

ಲೈನ್‌ಮನ್ ಮನೆಯವಳು, ತೀರ್ಥಹಳ್ಳಿ ತಾಲ್ಲೂಕು:

ನಿಮ್ಮ ಲೈನ್‌ಮನ್‌ಗೆ ಸನ್ಮಾನ ಮಾಡುವುದು ಸಂತೋಷ. ಲೈನ್‌ಮನ್ ದಿನ ಅಂತಲೇ ಮಾರ್ಚ್ 4 ಇದೆ. ಆದರೆ ಒಂದು ಮಾತು. ಊರಿನಲ್ಲಿ ಜನರೇಟರ್ ಇರುವವರು ಚೇಂಜ್‌ಓವರ್ ಸ್ವಿಚ್ ಹಾಕಿಸಿದ್ದಾರಾ ನೋಡಿ. ಅದಿಲ್ಲದೆ ಜನರೇಟರ್ ಓಡಿಸಿದರೆ ಕರೆಂಟ್ ವಾಪಸ್ ಲೈನಿಗೆ ಹೋಗುತ್ತದೆ. ಲೈನ್ ಆಫ್ ಇದೆ ಅಂತ ಕಂಬ ಹತ್ತಿದವರ ಜೀವ ಹೋಗುತ್ತದೆ. ನಮ್ಮವರ ಜೊತೆಯವರೊಬ್ಬರು ಹಾಗೆ ಬಿದ್ದು ಕೈ ಕಳೆದುಕೊಂಡರು. ನಿಮ್ಮ ಕಾರ್ಯಕ್ರಮದ ದಿನ ಮೈಕ್‌ನಲ್ಲಿ ಇದನ್ನು ಹೇಳಿ. ನನ್ನಂಥ ಹೆಂಡತಿಯರಿಗೆ ಅದೇ ದೊಡ್ಡ ಮರ್ಯಾದೆ.

ತೀರ್ಥಹಳ್ಳಿ ಕಡೆಯ ಯುವಕ ಸಂಘದಿಂದ:

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಸಂಘದಲ್ಲಿ ಎಲ್ಲವನ್ನೂ ಓದಿದೆವು. ಭಾನುವಾರದಿಂದ ಕೆಳಗಿನ ಕೇರಿಗೆ ಹೋಗಿ ಬರೆದುಕೊಳ್ಳುತ್ತೇವೆ. ಶಾಲಿನ ಖರ್ಚು ಕಡಿಮೆ ಮಾಡಿ ಲೈಫ್ ಜಾಕೆಟ್, ಹಗ್ಗ, ಮೂವರು ಹುಡುಗರಿಗೆ ವಿಮೆ ಅಂತ ತೀರ್ಮಾನ ಆಗಿದೆ. ಭಾಷಣಕ್ಕಿಂತ ಮುಂಚೆಯೇ ಸನ್ಮಾನ. ಹಿನ್ನೀರಿನ ಅಣ್ಣಾ, ಎಂಥ ಹಗ್ಗ ತಗೊಳ್ಳಬೇಕು ಹೇಳುತ್ತೀರಾ?

ಸಾಗರ ಕಡೆಯ ಹಿನ್ನೀರಿನ ಊರಿನವನು:

ನೈಲಾನ್ ಹಗ್ಗ ಗಟ್ಟಿ, ಆದರೆ ನೀರಿನಲ್ಲಿ ಮುಳುಗುತ್ತದೆ. ಎಸೆಯಲು ತೇಲುವ ಹಗ್ಗ ಬೇಕು. ಪಾಲಿಪ್ರೊಪಿಲೀನ್ ಅಂತ ಕೇಳಿ. ದೂರದಿಂದ ಕಾಣುವ ಬಣ್ಣದ್ದು ಇರಲಿ. ಲೈಫ್ ಜಾಕೆಟ್ ಹುಡುಗರ ತೂಕಕ್ಕೆ ಸರಿಯಾಗಿರಬೇಕು, ಹಾಕಿ ನೋಡಿಯೇ ತನ್ನಿ.

ಇನ್ನೊಂದು ಮಾತು. ನಿಮ್ಮ ಹುಡುಗರು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದರು ಅಂತ ಬರೆದಿದ್ದೀರಿ. ಓದಿ ಎದೆ ಝಲ್ ಎಂದಿತು. ಜೋರಾಗಿ ಹರಿಯುವ ನೀರಿನಲ್ಲಿ ಹಗ್ಗ ಬಿಗಿಯಾದರೆ ಕಟ್ಟಿಕೊಂಡವನನ್ನೇ ಅಡಿಗೆ ಒತ್ತುತ್ತದೆ, ಗಂಟು ಬಿಚ್ಚಲು ಆಗುವುದಿಲ್ಲ. ಅವರ ಪುಣ್ಯ ದೊಡ್ಡದು. ಮುಂದಿನ ಮಳೆಗಾಲದೊಳಗೆ ನಿಮ್ಮ ತಾಲ್ಲೂಕಿನ ಅಗ್ನಿಶಾಮಕ ಠಾಣೆಗೆ ಹೋಗಿ, ಒಂದು ದಿನ ಬಂದು ಹುಡುಗರಿಗೆ ಕಲಿಸಿಕೊಡಿ ಅಂತ ಕೇಳಿಕೊಳ್ಳಿ. ನಾನೂ ಬರುತ್ತೇನೆ, ಬಸ್ಸಿನ ಹೊತ್ತು ತಿಳಿಸಿ.