ರೈಲಿನಲ್ಲಿ ಮನಸ್ಸಿನೊಳಗೇ ವೀಣೆ ನುಡಿಸಿದರೆ ಅದು ಸಾಧಕ (ಅಭ್ಯಾಸ) ಆಗುತ್ತದಾ?

ತೋಡಿ_ವೀಣೆ (ಮೈಸೂರು):
ಎಲ್ಲರಿಗೂ ನಮಸ್ಕಾರ. ನನ್ನ ಮನೆ ಕುವೆಂಪುನಗರ, ಕೆಲಸ ಮಂಡ್ಯದಲ್ಲಿ. ದಿನಾ ಬೆಳಿಗ್ಗೆ ರೈಲಿನಲ್ಲಿ ಹೋಗಿ ಸಂಜೆ ವಾಪಸ್ ಬರುತ್ತೇನೆ. ವೀಣೆ ಮುಂದೆ ಕೂರಲು ಸಮಯ ಸಿಗುವುದು ರಾತ್ರಿ ಮಗು ಮಲಗಿದ ಮೇಲೆ. ಆಗ ಜೋರಾಗಿ ಮೀಟುವಂತಿಲ್ಲ. ಹಾಗಾಗಿ ರೈಲಿನಲ್ಲಿ ಕಣ್ಣು ಮುಚ್ಚಿ, ತೊಡೆ ಮೇಲೆ ಸಣ್ಣಗೆ ತಾಳ ಹಾಕುತ್ತಾ, ತೋಡಿ ರಾಗದ ವರ್ಣವನ್ನು (ಅಭ್ಯಾಸಕ್ಕೆ ಕಲಿಸುವ ಒಂದು ರಚನೆ) ಮನಸ್ಸಿನಲ್ಲೇ ನುಡಿಸುತ್ತೇನೆ.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ಸೇತುವೆ ಮೇಲೆ ರೈಲು ಎಷ್ಟೇ ಸದ್ದು ಮಾಡಿದರೂ ಒಳಗಿನ ವರ್ಣ ನಿಲ್ಲುವುದಿಲ್ಲ. ಆದರೆ ಎದುರು ಸೀಟಿನವರು ಮೊಬೈಲಿನಲ್ಲಿ ಒಂದು ಸಿನಿಮಾ ಹಾಡು ಹಾಕಿದರೆ ಸಾಕು, ಎಲ್ಲಾ ಮಾಯ. ಕಡಲೆಕಾಯಿ ತಿನ್ನುತ್ತಾ ಕೂತರೂ ಸ್ವರ ಕೈತಪ್ಪುತ್ತದೆ. ಇನ್ನೊಂದು ವಿಷಯ. ನನಗೆ ಒಳಗೆ ಕೇಳಿಸುವುದು ವೀಣೆಯ ನಾದ ಅಲ್ಲ, ನಮ್ಮ ಟೀಚರ್ ಹಾಡಿ ತೋರಿಸಿದ ದನಿ. ಒಂದನೇ ಕಾಲದಲ್ಲಿ, ಅಂದರೆ ನಿಧಾನವಾಗಿ ನುಡಿಸುವಾಗ, ಎಲ್ಲಾ ಸರಿಯಾಗಿರುತ್ತದೆ. ಎರಡನೇ ಕಾಲಕ್ಕೆ, ಅಂದರೆ ಅದರ ಎರಡರಷ್ಟು ವೇಗಕ್ಕೆ ಹೋದರೆ, ಮುಕ್ತಾಯಿ ಸ್ವರದಲ್ಲಿ (ವರ್ಣದ ಮೊದಲ ಭಾಗದ ಸ್ವರಗಳ ಸಾಲು) ಗಾಂಧಾರ (ಗ) ಬರುವ ಕಡೆ ಮಸುಕಾಗುತ್ತದೆ. ಪ್ರತಿ ಸಲ ಅದೇ ಜಾಗ.

ಇದು ನಿಜವಾದ ಸಾಧಕವಾ, ಇಲ್ಲ ಸುಮ್ನೆ ಮನಸ್ಸಿಗೆ ಸಮಾಧಾನವಾ? ಗೊತ್ತಿರುವವರು ದಯವಿಟ್ಟು ಹೇಳಿ.

ಮೃದಂಗ_ಮಂಡ್ಯ:
ಅಕ್ಕಾ, ನಿಮ್ಮ ಪ್ರಶ್ನೆ ಓದಿ ಆಶ್ಚರ್ಯ ಆಯಿತು. ನನಗೆ ಒಳಗೆ ಏನೂ ಕೇಳಿಸುವುದಿಲ್ಲ. ಹಾಡು ನೆನಪಿಸಿಕೋ ಅಂದರೆ ಸಾಹಿತ್ಯ ಗೊತ್ತು, ರಾಗ ಯಾವುದು ಅಂತ ಗೊತ್ತು. ಆದರೆ ದನಿ ಇಲ್ಲ. ಆದರೂ ಕಛೇರಿಗಳಲ್ಲಿ ಮೃದಂಗ ನುಡಿಸುತ್ತೇನೆ. ಸೊಲ್ಲು (ಮೃದಂಗದ ಪೆಟ್ಟುಗಳನ್ನು ಬಾಯಲ್ಲಿ ಹೇಳುವ ಅಕ್ಷರಗಳು) ನನಗೆ ಬೆರಳಲ್ಲಿ, ನಾಲಿಗೆಯಲ್ಲಿ ಇದೆ. ಬೇರೆಯವರಿಗೆ ಒಳಗೆ ದನಿ ಕೇಳಿಸುತ್ತದೆ ಅಂತ ಮೊನ್ನೆ ಮೊನ್ನೆವರೆಗೂ ನನಗೆ ಗೊತ್ತೇ ಇರಲಿಲ್ಲ.

ಪಿಟೀಲು_ಮೇಷ್ಟ್ರು:
ತೋಡಿ_ವೀಣೆ ಅವರೇ, ಇದು ಸಾಧಕವೇ. ಸಂಶಯ ಬೇಡ. ನಾನು ಮಂಡ್ಯದಲ್ಲಿ ಬಹಳ ವರ್ಷ ಮನಃಶಾಸ್ತ್ರ ಪಾಠ ಮಾಡಿದವನು, ಪಿಟೀಲು ನುಡಿಸುವವನು. ಎರಡೂ ಕಡೆಯಿಂದ ಈ ವಿಷಯ ನನಗೆ ತುಂಬಾ ಹತ್ತಿರ.

1995ರಲ್ಲಿ ಪಾಸ್ಕುವಲ್-ಲಿಯೋನ್ ಎಂಬ ಮಿದುಳು ವಿಜ್ಞಾನಿ ಮತ್ತು ಅವರ ಜೊತೆಗಾರರ ಒಂದು ಪ್ರಯೋಗ ಪ್ರಕಟವಾಯಿತು. ಪಿಯಾನೊ ಬಾರದವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟರು. ಒಂದು ಗುಂಪು ದಿನಕ್ಕೆ 2 ಗಂಟೆಯಂತೆ 5 ದಿನ ನುಡಿಸಿತು. ಇನ್ನೊಂದು ಗುಂಪು ಪಿಯಾನೊ ಮುಂದೆ ಕೂತು, ಬೆರಳು ಆಡಿಸದೆ, ಅಷ್ಟೇ ಹೊತ್ತು ಬರೀ ಕಲ್ಪಿಸಿಕೊಂಡಿತು. ಬೆರಳು ಆಡಿಸುವ ಮಿದುಳಿನ ಭಾಗ ಎರಡೂ ಗುಂಪಿನವರಲ್ಲಿ ಬದಲಾಗಿತ್ತು. ಕಲ್ಪಿಸಿಕೊಂಡವರು 5ನೇ ದಿನ ನುಡಿಸಿದಾಗ, ಮೊದಲ ಗುಂಪಿನವರು 3ನೇ ದಿನ ಮುಟ್ಟಿದ್ದ ಮಟ್ಟದಲ್ಲಿದ್ದರು. ಆಮೇಲೆ ಒಂದೇ ಸಲ 2 ಗಂಟೆ ನಿಜವಾಗಿ ನುಡಿಸಿದರು, ಅವರ ಸಮಕ್ಕೆ ಬಂದರು. ಅಂದರೆ ನಿಮ್ಮ ರಾತ್ರಿಯ ಸ್ವಲ್ಪ ಹೊತ್ತು ತುಂಬಾ ಮುಖ್ಯ. ಅದನ್ನು ಬಿಡಬೇಡಿ.

ಸೇತುವೆಯ ವಿಷಯ. ಹಾಡನ್ನು ಕಲ್ಪಿಸಿಕೊಂಡಾಗಲೂ ಕೇಳಲು ಬಳಸುವ ಮಿದುಳಿನ ಭಾಗಗಳೇ ಕೆಲಸ ಮಾಡುತ್ತವೆ. ಝಟೋರೆ ಮತ್ತು ಹಾಲ್ಪರ್ನ್ ಎಂಬ ಸಂಶೋಧಕರು ಇದನ್ನು 1990ರ ದಶಕದಲ್ಲೇ ಮಿದುಳಿನ ಚಿತ್ರ ತೆಗೆದು ತೋರಿಸಿದರು. ರೈಲಿನ ಸದ್ದಿನಲ್ಲಿ ಸ್ವರ ಇಲ್ಲ, ಆದ್ದರಿಂದ ಅದು ನಿಮ್ಮ ತೋಡಿಗೆ ಅಡ್ಡ ಬರುವುದಿಲ್ಲ. ಆದರೆ ಸಿನಿಮಾ ಹಾಡಿಗೆ ಬೇಕಾಗಿರುವುದು ಮಿದುಳಿನ ಅದೇ ಜಾಗ. ಕಡಲೆಕಾಯಿಯದು ಬೇರೆ ಕಾರಣ. ಒಳಗೆ ಹಾಡಿಕೊಳ್ಳುವಾಗ ನಾಲಿಗೆ, ಗಂಟಲು ಕೂಡ ಸದ್ದಿಲ್ಲದೆ ಸಿದ್ಧವಾಗಿರುತ್ತವೆ. ಅಗಿಯುವ ಬಾಯಿಗೆ ಬಿಡುವಿರುವುದಿಲ್ಲ. ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದವರು 2015ರಲ್ಲಿ, ಚ್ಯೂಯಿಂಗ್ ಗಮ್ ಅಗಿದರೆ ತಲೆಗೆ ಅಂಟಿಕೊಂಡ ಹಾಡಿನ ಕಾಟ ಕಡಿಮೆಯಾಗುತ್ತದೆ ಎಂದು ತೋರಿಸಿದರು. ಕಡಲೆಕಾಯಿಯನ್ನು ಮಂಡ್ಯಕ್ಕೆ ಮೊದಲು ಬರುವ ಎಲಿಯೂರು ಸ್ಟೇಷನ್ ದಾಟಿದ ಮೇಲೆ ತಿನ್ನಿ.

ಈಗ ಆ ಗಾಂಧಾರ. ನಿಮ್ಮ ಪ್ರಶ್ನೆಯಲ್ಲಿ ನನಗೆ ಜಾಸ್ತಿ ಬೆಲೆಯದ್ದು ಅನಿಸಿದ್ದು ಇದೇ. ತೋಡಿಯ ಗಾಂಧಾರ ನಿಂತಲ್ಲಿ ನಿಲ್ಲುವುದಿಲ್ಲ, ಉಯ್ಯಾಲೆಯ ಹಾಗೆ ತೂಗುತ್ತದೆ. ಒಂದನೇ ಕಾಲದಲ್ಲಿ ತೂಗಲು ಸಮಯ ಇದೆ. ಎರಡನೇ ಕಾಲದಲ್ಲಿ ಇಲ್ಲ. ಅಲ್ಲಿ ಗಮಕವನ್ನು, ಅಂದರೆ ಆ ತೂಗಾಟವನ್ನು, ಎಷ್ಟು ಉಳಿಸಬೇಕು, ಎಷ್ಟು ಬಿಡಬೇಕು ಎಂದು ಯಾರಾದರೂ ತೀರ್ಮಾನ ಮಾಡಬೇಕು. ನಿಮ್ಮ ಕೈಗೆ ಅದನ್ನು ಇನ್ನೂ ಯಾರೂ ಹೇಳಿಲ್ಲ, ಮನಸ್ಸಿಗೂ ಹೇಳಿಲ್ಲ. ಅದಕ್ಕೇ ಮಸುಕು. ಬಹುಶಃ ಟೀಚರ್ ಆ ಸಾಲನ್ನು ನಿಮಗೆ ಒಂದನೇ ಕಾಲದಲ್ಲಿ ಮಾತ್ರ ಹಾಡಿ ತೋರಿಸಿರಬೇಕು. ಎರಡನೇ ಕಾಲದಲ್ಲಿ ಆ ಒಂದು ಸಾಲನ್ನೇ ಹಾಡಿಸಿಕೊಳ್ಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಆಮೇಲೆ ವೀಣೆಯಲ್ಲಿ ತಂತಿ ಎಷ್ಟು ಎಳೆಯಬೇಕು ಅಂತ ಬೆರಳಿನಿಂದ ಹುಡುಕಿ. ರೈಲಿನಲ್ಲಿ ದನಿಯ ಜೊತೆ ಆ ಎಳೆತವನ್ನೂ ಕಲ್ಪಿಸಿಕೊಳ್ಳಿ.

ಒಂದು ಎಚ್ಚರಿಕೆ. ಮನಸ್ಸಿನಲ್ಲಿ ಅಪಸ್ವರ ಬಂದರೆ ತೋರಿಸಿಕೊಡಲು ತಂಬೂರಿ ಇಲ್ಲ. ಹಾಗಾಗಿ ರಾತ್ರಿ ವೀಣೆ ಮುಂದೆ ಕೂತಾಗ ಮೊದಲು ಆ ಗಾಂಧಾರದ ಸಾಲನ್ನೇ ಶ್ರುತಿ ಹಾಕಿಕೊಂಡು ನುಡಿಸಿ.

ಟೀಚರ್ ದನಿಯಲ್ಲಿ ಕೇಳಿಸುವುದು ತಪ್ಪಲ್ಲ. ಆದರೆ ಆಗಾಗ ಸಾಹಿತ್ಯ, ಸ್ವರದ ಹೆಸರು ಎರಡನ್ನೂ ಬಿಟ್ಟು ಬರೀ ನಾದ ಹಿಡಿಯಲು ನೋಡಿ. 2005ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನವರು ಹಾಡು ನಡೆಯುತ್ತಿರುವಾಗಲೇ ಮಧ್ಯೆ ಸ್ವಲ್ಪ ಹೊತ್ತು ಶಬ್ದ ನಿಲ್ಲಿಸಿ ಮಿದುಳನ್ನು ಗಮನಿಸಿದರು. ಪರಿಚಿತ ಹಾಡಾದರೆ ಮಿದುಳು ಆ ಖಾಲಿ ಜಾಗದಲ್ಲೂ ಹಾಡನ್ನು ಮುಂದುವರಿಸುತ್ತಿತ್ತು. ಮಾತಿಲ್ಲದ ಸಂಗೀತವಾದರೆ ಆ ಚಟುವಟಿಕೆ ಶಬ್ದ ಮೊದಲು ಬಂದು ಸೇರುವ ಭಾಗದವರೆಗೂ ಮುಟ್ಟುತ್ತಿತ್ತು. ವೀಣೆಯವರಿಗೆ ಇದರಿಂದ ಉಪಯೋಗ ಇದೆ ಅಂತ ನನ್ನ ನಂಬಿಕೆ.

ಮೃದಂಗದವರೇ, ನಿಮ್ಮದೂ ಕೊರತೆ ಅಲ್ಲ. 2021ರಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಹೀಗೆ ಒಳಗೆ ದನಿ ಕೇಳಿಸದಿರುವುದಕ್ಕೆ ಅನಾರೇಲಿಯ ಎಂದು ಹೆಸರಿಟ್ಟಿದ್ದಾರೆ. ನಿಮ್ಮ ಹಾಗೆ ಬೇರೆಯವರೂ ಇದ್ದಾರೆ.

ಮೃದಂಗ_ಮಂಡ್ಯ:
ಇದಕ್ಕೊಂದು ಹೆಸರಿದೆ ಅಂತ ತಿಳಿದೇ ಖುಷಿ ಆಯಿತು ಸಾರ್. ನಮ್ಮ ಗುರುಗಳಿಗೆ ಇವತ್ತೇ ಹೇಳುತ್ತೇನೆ.

ತೋಡಿ_ವೀಣೆ (ಮೈಸೂರು):
ಮೇಷ್ಟ್ರೇ, ತುಂಬಾ ಧನ್ಯವಾದ. ಟೀಚರ್ ಹತ್ತಿರ ಆ ಸಾಲು ಹಾಡಿಸಿಕೊಂಡೆ. ಎರಡನೇ ಕಾಲದಲ್ಲಿ ಒಂದೇ ತೂಗು ಸಾಕು ಎಂದರು. ಎಡಗೈಯಲ್ಲಿ ಅದು ಬಂದ ಮೇಲೆ ರೈಲಿನಲ್ಲೂ ಸ್ಪಷ್ಟವಾಗಿ ಕೇಳಿಸುತ್ತಿದೆ. ಈಗ ಮಸುಕು ಮುಂದಿನ ಧೈವತಕ್ಕೆ (ದ) ಹೋಗಿದೆ. ಅದನ್ನೂ ಹೀಗೇ ಹಿಡಿಯಬೇಕಾ?

ಪಿಟೀಲು_ಮೇಷ್ಟ್ರು:
ಹೌದಮ್ಮ, ಹೀಗೇ. ತೋಡಿಯಲ್ಲಿ ಧೈವತವೂ ತೂಗುವ ಸ್ವರವೇ. ಅದಕ್ಕೂ ಎಷ್ಟು ತೂಗು ಬೇಕು ಅಂತ ಟೀಚರ್ ಹತ್ತಿರವೇ ಕೇಳಿಕೊಂಡು ಬನ್ನಿ.